ನೀರು ಚಿಮ್ಮುತ್ತಿದೆ ಅಂತ ನಂಬಿ ಹಳೇ ಮೋಟರ್ ತಗೊಳ್ಳಬೇಡಿ

ನಾಡದೋಣಿಗೆ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಮೋಟರ್ (ದೋಣಿಯ ಹಿಂಬದಿಗೆ ಹೊರಗೆ ಕಟ್ಟುವ ಇಂಜಿನ್) ಹುಡುಕುತ್ತಿರುವವರು, ಮನೆಯಲ್ಲಿರುವ ಹಳೆಯದನ್ನೇ ರಿಪೇರಿಗೆ ಕೊಡಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಅಕ್ಟೋಬರಿನಲ್ಲಿ ಕುಂದಾಪುರದ ಹತ್ತಿರದ ಗಂಗೊಳ್ಳಿ ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಬಾಯಲ್ಲಿ ನಾನೂ ನನ್ನ ಬಾವನೂ ನಿಂತುಹೋದ ಮೋಟರ್ ಕಟ್ಟಿಕೊಂಡು ತೇಲಿದ್ದೇವೆ. ದುಡ್ಡು ಹೋಗಿದ್ದು ಹೋಯಿತು. ಆದರೆ ಆ ಅರ್ಧ ಗಂಟೆ ನೆನೆದರೆ ಈಗಲೂ ಕೈ ತಣ್ಣಗಾಗುತ್ತೆ.

ಆಗಸ್ಟಿನಲ್ಲಿ ತಗೊಂಡದ್ದು. 9.9 ಎಚ್‌ಪಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಸೀಮೆಎಣ್ಣೆ ಮೋಟರ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಥರದ್ದು. ಮಾರಿದವರು ಯಾರು, ಯಾವ ಊರು ಅಂತ ಇಲ್ಲಿ ಬರೆಯುವುದಿಲ್ಲ. ಹಳೇ ಮೋಟರ್ ತಂದು ರಿಪೇರಿ ಮಾಡಿ ಮಾರುವುದೇ ಅವರ ಕೆಲಸ. ನಾವು ಹೋದಾಗ ಮೋಟರ್ ಒಂದು ನೀರಿನ ಡ್ರಮ್ಮಿನಲ್ಲಿ ಇಳಿದು ನಿಂತಿತ್ತು, ಮೈಗೆಲ್ಲ ಹೊಸ ಬಣ್ಣ. ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಪಕ್ಕದ ಸಣ್ಣ ತೂತಿನಿಂದ ನೀರು ಮಾರು ದೂರ ಚಿಮ್ಮಿತು. "ಕಾಣಿ, ನೀರ್ ಹ್ಯಾಂಗ್ ಬತ್ತಿತ್ತ್! ಕೂಲಿಂಗ್ ಫಸ್ಟ್ ಕ್ಲಾಸ್" ಅಂದರು. ನಾನೂ ಹಾಗೇ ತಿಳಿದಿದ್ದೆ, ನಮ್ಮ ಕಡೆ ಮುಕ್ಕಾಲು ಪಾಲು ಜನ ಹಾಗೇ ತಿಳಿದಿದ್ದಾರೆ. 62,000 ಎಣಿಸಿ ಕೊಟ್ಟೆವು. ಬಿಲ್ ಕೇಳಲಿಲ್ಲ.

ಹೊಳೆಯಲ್ಲಿ ಓಡಿಸುವಾಗ ಎಲ್ಲ ಸರಿ ಇತ್ತು. ಅಳಿವೆ ದಾಟಿ ಹೊರಗೆ ಹೋಗಿ, ಬಲೆಯ ಭಾರದಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟು ಇಪ್ಪತ್ತು, ಇಪ್ಪತ್ತೈದು ನಿಮಿಷ ಓಡಿಸಿದರೆ ಮೋಟರ್ ನಿಧಾನಕ್ಕೆ ಸೊರಗುವುದು, ದನಿ ಭಾರವಾಗುವುದು, ಆಮೇಲೆ ನಿಂತೇ ಬಿಡುವುದು. ಅರ್ಧ ಗಂಟೆ ಸುಮ್ಮನಿದ್ದು ಎಳೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಈ ಲಕ್ಷಣವನ್ನು ನೆನಪಿಟ್ಟುಕೊಳ್ಳಿ. ಬಿಸಿಯಾದಾಗ ಸಾಯುವುದು, ತಣ್ಣಗಾದ ಮೇಲೆ ಬದುಕುವುದು. ನಮ್ಮ ಮೋಟರ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ.

ಮಾರಿದವರ ಹತ್ತಿರವೇ ತಗೊಂಡು ಹೋದೆವು. ಮೊದಲನೇ ಸಲ "ಸೀಮೆಎಣ್ಣೆಯಲ್ಲಿ ಕಸ" ಅಂತ ಕಾರ್ಬುರೇಟರ್ ಬಿಚ್ಚಿ ತೊಳೆದರು. ಎರಡನೇ ಸಲ ಪ್ಲಗ್, ಎಣ್ಣೆ ಪೈಪು, ಪಂಪಿನ ಡಯಾಫ್ರಮ್ ಬದಲಾಯಿಸಿದರು. ಮೂರನೇ ಸಲ "ಸಿಡಿಐ ಹೋಗಿದೆ" ಅಂತ, ಪ್ಲಗ್ಗಿಗೆ ಕಿಡಿ ಕೊಡುವ ಆ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಇನ್ನೊಂದು ಹಳೇ ಮೋಟರಿನಿಂದ ತೆಗೆದು ಹಾಕಿ 6,500 ತಗೊಂಡರು. ಮೂರು ಸಲಕ್ಕೂ ಸೇರಿ 11,200. ಮೂರು ಸಲವೂ ರಿಪೇರಿ ಆದ ಮೇಲೆ ಅದೇ ಡ್ರಮ್ಮಿನಲ್ಲಿ ಐದು ನಿಮಿಷ ಓಡಿಸಿ ತೋರಿಸಿದರು, ಮೂರು ಸಲವೂ ಚೆನ್ನಾಗಿ ಓಡಿತು.

ಡ್ರಮ್ಮಿನಲ್ಲಿ ಓಡದೇ ಇನ್ನೇನು? ಅಲ್ಲಿ ಗೇರ್ ಹಾಕಿಲ್ಲ, ರೆಕ್ಕೆಗೆ (ಪ್ರೊಪೆಲ್ಲರಿಗೆ) ಭಾರ ಇಲ್ಲ. ಐದು ನಿಮಿಷ ಸುಮ್ಮನೆ ತಿರುಗುವ ಇಂಜಿನ್ನಿಗೆ ಅಂಥ ಬಿಸಿ ಎಲ್ಲಿಂದ ಬರಬೇಕು? ಬಿಸಿಯಾದಾಗ ಬರುವ ಕಾಯಿಲೆಯನ್ನು ಬಿಸಿ ಮಾಡದೆ ಪರೀಕ್ಷೆ ಮಾಡಿದರೆ ಎಷ್ಟು ಸಲ ನೋಡಿದರೂ ಮೋಟರ್ ಚೆನ್ನಾಗಿಯೇ ಇರುತ್ತೆ. ಇದು ನನಗೆ ಆಗಲೇ ಹೊಳೆಯಬೇಕಿತ್ತು. ದೋಣಿಗೆ ಕಟ್ಟಿ, ಹೊಳೆಯಲ್ಲಿ ಅರ್ಧ ಗಂಟೆ ಪೂರ್ತಿ ಓಟದಲ್ಲಿ ಓಡಿಸಿ ತೋರಿಸಿ ಅಂತ ಒಂದು ಮಾತು ಕೇಳಿದ್ದರೆ ಆ 11,200 ಉಳಿಯುತ್ತಿತ್ತು.

ಅಕ್ಟೋಬರಿನ ಆ ದಿನ ಬಂಗುಡೆ ಸ್ವಲ್ಪ ಸಿಕ್ಕಿತ್ತು. ಮಧ್ಯಾಹ್ನದ ಮೇಲೆ ವಾಪಸ್ ಬರುತ್ತಿದ್ದೆವು. ನೀರು ಇಳಿತ, ಮೇಲಿಂದ ಪಡುಗಾಳಿ. ಅಳಿವೆ ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಐದು ಹೊಳೆಗಳ ನೀರು ಕಡಲಿಗೆ ನುಗ್ಗುವಾಗ ಎದುರಿಂದ ತೆರೆ ಬಂದರೆ ಬಾಯಲ್ಲೇ ಎದ್ದು ಒಡೆಯುತ್ತೆ. ಅಲ್ಲಿ ಮೋಟರ್ ಒಂದು ಕ್ಷಣವೂ ನಿಲ್ಲಬಾರದು. ನಮ್ಮದು ಸರಿಯಾಗಿ ಅಲ್ಲೇ ಸೊರಗಲು ಶುರು ಮಾಡಿತು. ನಾನು ಎಕ್ಸಲೇಟರ್ ಇನ್ನೂ ತಿರುಗಿಸಿದೆ, ಅದು ಕಿರ್ರ್ ಅಂತ ಒಂದು ಸದ್ದು ಮಾಡಿ ನಿಂತಿತು. ಹಗ್ಗ ಎಳೆದರೆ ಬರುತ್ತಿಲ್ಲ, ಒಳಗಿಂದ ಯಾರೋ ಹಿಡಿದುಕೊಂಡ ಹಾಗೆ. ಮುಚ್ಚಳ ತೆಗೆದಾಗ ಮುಖಕ್ಕೆ ಝಳ ಹೊಡೆಯಿತು, ಬಣ್ಣ ಸುಟ್ಟ ವಾಸನೆ. ಬಾವ ಗಾಬರಿಯಲ್ಲಿ ಬಕೆಟ್ಟಿನಿಂದ ಕಡಲ ನೀರು ಎತ್ತಿ ಅದರ ಮೇಲೆ ಸುರಿದರು. ಚುಂಯ್ ಅಂತ ಹಬೆ ಎದ್ದಿತು. ಅದನ್ನು ಯಾವತ್ತೂ ಮಾಡಬೇಡಿ. ಅಷ್ಟು ಕಾದ ಅಲ್ಯೂಮಿನಿಯಮ್ ಮೇಲೆ ತಣ್ಣೀರು ಬಿದ್ದರೆ ಹೆಡ್ (ಸಿಲಿಂಡರಿನ ತಲೆಯ ಮುಚ್ಚಳ) ಸೊಟ್ಟಗಾಗುತ್ತೆ, ಬಿರುಕು ಬಿಡಲೂಬಹುದು. ಅದರ ಜೊತೆಗೆ ಉಪ್ಪು ನೀರು ವೈರು, ಕಾಯಿಲುಗಳ ಮೇಲೆಲ್ಲ ಇಳಿಯುತ್ತೆ.

ಹುಟ್ಟು ಒಂದೇ ಇತ್ತು. ಲಂಗರು ಹಾಕಿದೆವು, ಮೊದಲು ಹಿಡಿಯಲಿಲ್ಲ. ದೋಣಿ ಅಡ್ಡ ತಿರುಗಿ ಒಂದು ತೆರೆ ಒಳಗೇ ಬಂತು. ಬಲೆ, ಮೀನು ಎಲ್ಲ ಕಾಲ ಬುಡದಲ್ಲಿ ತೇಲಿದವು. ನಾನು ನೀರು ಮೊಗೆಯುತ್ತಿದ್ದೆ, ಬಾವ ಲಂಗರಿನ ಹಗ್ಗಕ್ಕೆ ಬಲೆಯ ಹಗ್ಗ ಗಂಟು ಹಾಕಿ ಉದ್ದ ಬಿಟ್ಟರು, ಆಗ ಹಿಡಿಯಿತು. ಹಿಂದಿನಿಂದ ಬರುತ್ತಿದ್ದ ಇನ್ನೊಂದು ದೋಣಿಯವರು ಹತ್ತಿರ ಬಂದು ಹಗ್ಗ ಎಸೆದರು. ಅವರು ಬರದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ. ಇಬ್ಬರ ಮೊಬೈಲೂ ಒದ್ದೆ. ಕೋಸ್ಟ್ ಗಾರ್ಡಿನ 1554 ನಂಬರ್ ಗೊತ್ತಿತ್ತು, ಮಾಡಲು ಫೋನ್ ಇರಲಿಲ್ಲ. ಈಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇನೆ.

ಮಾರನೇ ದಿನ ನಮ್ಮ ಕೇರಿಯ ಹಿರಿಯರೊಬ್ಬರು ಬಂದು ನೋಡಿದರು. ಮೊದಲು ಮೋಟರ್ ಮುಟ್ಟಲೇ ಇಲ್ಲ, ಪ್ರಶ್ನೆ ಕೇಳಿದರು. ನಿಲ್ಲುವಾಗ ಪಟ್ಟಂತ ನಿಲ್ಲುತ್ತಾ, ಸೊರಗಿ ನಿಲ್ಲುತ್ತಾ? ನಿಂತ ಕೂಡಲೇ ಹಗ್ಗ ಹಗುರವೋ ಭಾರವೋ? ಎಣ್ಣೆ ಪೈಪಿನ ರಬ್ಬರ್ ಉಂಡೆ ಹಿಚುಕಿದರೆ ಮತ್ತೆ ಎತ್ತಿಕೊಳ್ಳುತ್ತಾ? ಈ ಮೂರು ಪ್ರಶ್ನೆಗಳಿಗೆ ಇರುವ ಬೆಲೆ ಅವರು ಬಿಡಿಸಿ ಹೇಳಿದಾಗ ಗೊತ್ತಾಯಿತು. ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಮೋಟರಿಗೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಎಣ್ಣೆ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಮುಚ್ಚಿರುತ್ತೆ ಅಥವಾ ಎಣ್ಣೆ ದಾರಿಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿರುತ್ತೆ. ಆಗ ಉಂಡೆ ಹಿಚುಕಿದರೆ ಸ್ವಲ್ಪ ಹೊತ್ತು ಚೇತರಿಸಿಕೊಳ್ಳುತ್ತೆ, ತಿರುಪು ಸಡಿಲ ಮಾಡಿದರೆ ಟ್ಯಾಂಕು ಗಾಳಿ ಎಳೆದುಕೊಳ್ಳುವ ಸದ್ದು ಕೇಳುತ್ತೆ. ಇನ್ನೊಂದು, ಫ್ಲೈವೀಲಿನ (ಇಂಜಿನ್ ಮೇಲೆ ತಿರುಗುವ ಭಾರದ ಚಕ್ರ) ಕೆಳಗಿನ, ಕಿಡಿಗೆ ಕರೆಂಟು ಕೊಡುವ ಕಾಯಿಲು ಬಿಸಿಯಾದಾಗ ಕೆಲಸ ನಿಲ್ಲಿಸುವುದು. ಅದು ಪಟ್ಟಂತ ನಿಲ್ಲುತ್ತೆ, ಹಗ್ಗ ಹಗುರವಾಗಿಯೇ ಇರುತ್ತೆ, ಕೂಡಲೇ ಪ್ಲಗ್ ತೆಗೆದು ನೋಡಿದರೆ ಕಿಡಿ ಇರುವುದಿಲ್ಲ, ತಣ್ಣಗಾದ ಮೇಲೆ ಕಿಡಿ ಬರುತ್ತೆ. ಉಳಿದದ್ದು ಕೂಲಿಂಗ್. ಅದರಲ್ಲಿ ಸೊರಗಿ ನಿಲ್ಲುತ್ತೆ, ಕಿಡಿ ಇರುತ್ತೆ, ಹಗ್ಗ ಭಾರ. ಪಿಸ್ಟನ್ ಉಬ್ಬಿ ಸಿಲಿಂಡರನ್ನು ಹಿಡಿಯುತ್ತಿದೆ ಅಂತ ಅರ್ಥ.

"ಆದರೆ ನೀರು ಚೆನ್ನಾಗಿ ಚಿಮ್ಮುತ್ತಿತ್ತಲ್ಲ?" ಅಂದೆ.

ಅವರು ಥರ್ಮೋಸ್ಟಾಟಿನ, ಅಂದರೆ ಇಂಜಿನ್ ಬಿಸಿಯಾದಾಗ ತೆರೆದುಕೊಂಡು ಕೂಲಿಂಗ್ ನೀರು ಹರಿಯಲು ಬಿಡುವ ಕವಾಟದ, ಮುಚ್ಚಳಕ್ಕೆ ಕೈ ಹಾಕಿದರು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಬಿಸಿ ಮಾಡಿ, ಬೋಲ್ಟನ್ನು ಮುಂದೆ ಒಂದಿಷ್ಟು ಹಿಂದೆ ಒಂದಿಷ್ಟು ಆಡಿಸಿ ತೆಗೆದರು. ಹಾಗಿದ್ದೂ ಒಂದು ತುಂಡಾಯಿತು. ಒಳಗೆ ಕಂಡದ್ದು ಹಳೇ ಗೋಡೆಯ ಗಾರೆಯ ಹಾಗೆ ಗಟ್ಟಿಯಾಗಿ ಕೂತ ಬಿಳಿ, ಕಂದು ಉಪ್ಪು. ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿಕೊಂಡಿತ್ತು. ಬಿಸಿ ನೀರಿನ ಪಾತ್ರೆಯಲ್ಲಿ ಹಾಕಿ ನೀರು ಕುದಿಯುವವರೆಗೂ ನೋಡಿದೆವು, ತೆರೆಯಲಿಲ್ಲ. ಸಿಲಿಂಡರ್ ಸುತ್ತಲಿನ ನೀರಿನ ದಾರಿಯನ್ನು ತಂತಿಯಿಂದ ಕೆದಕುವಾಗ ಕಪ್ಪು ರಬ್ಬರಿನ ಒಂದು ಚೂರು ಹೊರಬಂತು, ಕಿರುಬೆರಳಿನ ಉಗುರಿನಷ್ಟು. ಅದು ಹಳೇ ಇಂಪೆಲ್ಲರಿನ, ಅಂದರೆ ನೀರು ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರದ, ರೆಕ್ಕೆ. ಕೆಳಗಿನ ನೀರು ಪಂಪಿನಲ್ಲಿ ಇಂಪೆಲ್ಲರ್ ಹೊಸದೇ ಇತ್ತು. ಅಂದರೆ ಯಾರೋ ರೆಕ್ಕೆ ಮುರಿದ ಹಳೆಯದನ್ನು ತೆಗೆದು ಹೊಸದು ಹಾಕಿದ್ದಾರೆ, ಮುರಿದ ಚೂರು ಎಲ್ಲಿಗೆ ಹೋಯಿತು ಅಂತ ಹುಡುಕಿಲ್ಲ.

ನೀರು ಚಿಮ್ಮಿದ್ದರ ಗುಟ್ಟೂ ಅಲ್ಲೇ ಇತ್ತು. ನಮ್ಮ ಮೋಟರಿನಲ್ಲಿ ಆ ಸಣ್ಣ ತೂತಿಗೆ ಹೋಗುವ ನೀರು ಸಿಲಿಂಡರ್ ಹೆಡ್ಡಿಗೆ ಏರುವ ಮೊದಲೇ ಕವಲೊಡೆಯುತ್ತೆ. ಇನ್ನೂ ಹಲವು ಮಾದರಿಗಳಲ್ಲಿ ಹೀಗೇ ಇದೆ. ತೂತಿನಿಂದ ನೀರು ಬಂದರೆ ಪಂಪ್ ಕೆಲಸ ಮಾಡುತ್ತಿದೆ ಅಂತ ಮಾತ್ರ ಲೆಕ್ಕ. ಹೆಡ್ಡಿನ ಸುತ್ತ ನೀರು ತಿರುಗುತ್ತಿದೆ ಅಂತ ಅಲ್ಲ. ಮೇಲಿನ ದಾರಿ ಕಟ್ಟಿಕೊಂಡಿದ್ದರಿಂದ ನಮ್ಮದರಲ್ಲಿ ನೀರು ಇನ್ನೂ ಜೋರಾಗಿಯೇ ಚಿಮ್ಮುತ್ತಿತ್ತು.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ಕೆಳಗಿನ ಸಿಲಿಂಡರ್ 95 ಪಿಎಸ್‌ಐ ತೋರಿಸಿತು, ಮೇಲಿನದು 60. ಎರಡರ ನಡುವೆ ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅಂಥ ಮೋಟರನ್ನು ಬಿಚ್ಚದೆ ಮುಂದೆ ಒಂದು ರೂಪಾಯಿಯೂ ಹಾಕಬಾರದು. ಹೆಡ್ ತೆಗೆದಾಗ ಮೇಲಿನ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು, ರಿಂಗ್ ಎರಡೂ ಅಂಟಿಕೊಂಡಿದ್ದವು. ಬೆರಳಾಡಿಸಿದರೆ ಸಿಲಿಂಡರ್ ಗೋಡೆಯ ಗೀರು ಉಗುರಿಗೆ ಸಿಗುತ್ತಿತ್ತು.

ಮೊದಲ ದಿನವೇ ಈ ಗೇಜ್ ಹಾಕಿದ್ದರೆ ಕತೆಯೇ ಬೇರೆ ಇರುತ್ತಿತ್ತು. ಅದೇನು ದೊಡ್ಡ ಯಂತ್ರವಲ್ಲ, ಪ್ಲಗ್ಗಿನ ಜಾಗದಲ್ಲಿ ತಿರುಗಿಸಿ ಕೂರಿಸುವ ಒಂದು ಮೀಟರ್. ಎರಡೂ ಪ್ಲಗ್ ತೆಗೆದು, ಪ್ಲಗ್ ವೈರುಗಳನ್ನು ಇಂಜಿನ್ ಮೈಗೆ ತಾಗಿಸಿ ಕಟ್ಟಿ, ಎಕ್ಸಲೇಟರ್ ಪೂರ್ತಿ ತೆರೆದು, ಹಗ್ಗವನ್ನು ನಾಲ್ಕೈದು ಸಲ ಜೋರಾಗಿ ಎಳೆಯಬೇಕು. ಐದು ನಿಮಿಷದ ಕೆಲಸ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹೊಸ ಬಣ್ಣದ ಬಗ್ಗೆ ಒಂದು ಮಾತು. ಕೆಳಗಿನ ಗೇರ್ ಭಾಗದಲ್ಲಿ, ರೆಕ್ಕೆಯ ಹತ್ತಿರ, ಜಿಂಕಿನ ಒಂದು ತುಂಡು ಇರುತ್ತೆ. ಉಪ್ಪು ನೀರು ಅಲ್ಯೂಮಿನಿಯಮ್ಮನ್ನು ತಿನ್ನುವ ಬದಲು ಅದನ್ನು ತಿನ್ನಲಿ ಅಂತ ಹಾಕಿರುವುದು. ನಮ್ಮ ಮೋಟರಿನಲ್ಲಿ ಅದರ ಮೇಲೂ ಬಣ್ಣ ಬಳಿದಿದ್ದರು. ಬಣ್ಣ ಬಿದ್ದ ಜಿಂಕ್ ಇದ್ದೂ ಇಲ್ಲದ ಹಾಗೆ. ಜಿಂಕಿಗೂ ಬಣ್ಣ ಹಚ್ಚುವವರ ಕೈಯಲ್ಲಿ ಒಳಗಿನ ಕೆಲಸ ಹೇಗೆ ಆಗಿರಬಹುದು ಅಂತ ಆಗಲೇ ಯೋಚಿಸಬೇಕಿತ್ತು. ಕೆಳಗಿನ ತಿರುಪು ಬಿಚ್ಚಿ ಗೇರ್ ಆಯಿಲ್ ನಾಲ್ಕು ಹನಿ ಕೈಗೆ ತಗೊಂಡು ನೋಡಿ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ನಮ್ಮದರಲ್ಲಿ ಅದೊಂದು ಸರಿ ಇತ್ತು.

ಈಗಾಗಲೇ ಹಳೇ ಮೋಟರ್ ಇರುವವರಿಗೆ ಬಿಸಿ ನೋಡುವ ಉಪಾಯ ಸುಲಭ. ಹೊಳೆಯಲ್ಲಿ ಅರ್ಧ ಗಂಟೆ ಜೋರಾಗಿ ಓಡಿಸಿ, ನಿಲ್ಲಿಸಿ, ಮುಚ್ಚಳ ತೆಗೆದು ಹೆಡ್ ಮೇಲೆ ಬೆರಳಿನಿಂದ ನಾಲ್ಕು ಹನಿ ನೀರು ಬಿಡಿ. ಹನಿ ಸುಮ್ಮನೆ ಹರಿದು ನಿಧಾನಕ್ಕೆ ಒಣಗಿದರೆ ಭಯವಿಲ್ಲ. ಬಿದ್ದ ಕೂಡಲೇ ಚುರ್ ಅಂತ ಆರಿಹೋದರೆ ನೂರು ಡಿಗ್ರಿ ದಾಟಿದೆ, ಅಂಥ ಮೋಟರ್ ಕಟ್ಟಿಕೊಂಡು ಅಳಿವೆ ದಾಟಬೇಡಿ. ಮುಚ್ಚಳ ತೆಗೆದು ಓಡಿಸಿ ನೋಡಲು ಮಾತ್ರ ಹೋಗಬೇಡಿ. ಮೇಲೆ ಫ್ಲೈವೀಲ್ ತಿರುಗುತ್ತಿರುತ್ತೆ, ಬೈರಾಸಿನ (ಟವೆಲ್ಲಿನ) ತುದಿ ಸಿಕ್ಕಿದರೂ ಕೈ ಹೋಗುತ್ತೆ. ಕೆಲವರು ಬಿಸಿಗೆ ಮದ್ದು ಅಂತ ಥರ್ಮೋಸ್ಟಾಟನ್ನೇ ಕಿತ್ತು ಎಸೆಯುತ್ತಾರೆ. ಸೀಮೆಎಣ್ಣೆ ಮೋಟರಿಗೆ ಅದೂ ತಪ್ಪು. ತಕ್ಕ ಬಿಸಿ ಇಲ್ಲದಿದ್ದರೆ ಸೀಮೆಎಣ್ಣೆ ಸರಿಯಾಗಿ ಆವಿಯಾಗದೆ ಪ್ಲಗ್ಗಿಗೆ ಮಸಿ ಕಟ್ಟುತ್ತೆ. ಕೆಟ್ಟದ್ದಿದ್ದರೆ ಹೊಸದು ಹಾಕಿಸಿ. ದಿನಾ ಕಡಲಿಂದ ಬಂದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿದರೆ ನಾನು ಕಂಡ ಆ ಗಾರೆ ಅಷ್ಟು ಸುಲಭಕ್ಕೆ ಕಟ್ಟುವುದಿಲ್ಲ. ಡ್ರಮ್ಮಿನ ನಿಜವಾದ ಉಪಯೋಗ ಅದು.

ಮಾರಿದವರ ಹತ್ತಿರ ಪಿಸ್ಟನ್ ತಗೊಂಡು ಹೋಗಿ ತೋರಿಸಿದೆ. "ದೋಣಿಗೆ ಕಟ್ಟಿದ ಮೇಲೆ ನಮ್ದ್ ಜವಾಬ್ದಾರಿ ಇಲ್ಲ" ಅಂದರು. ಕೈಯಲ್ಲಿ ಬಿಲ್ ಇಲ್ಲ, ಬರಹದಲ್ಲಿ ಏನೂ ಇಲ್ಲ, ಎಲ್ಲಿ ಅಂತ ದೂರು ಕೊಡುವುದು? ನೀವು ತಗೊಳ್ಳುವಾಗ ಮೋಟರಿನ ನಂಬರ್, ಕೊಟ್ಟ ಹಣ, ತಾರೀಖು ಬರೆಸಿ ಸಹಿ ಹಾಕಿಸಿಕೊಳ್ಳಿ. ಪರಿಚಯದವರು ಅಂತ ಸಂಕೋಚ ಪಡಬೇಡಿ. ನಾನು ಸಂಕೋಚ ಪಟ್ಟೆ.

ಸಿಲಿಂಡರನ್ನು ಬೋರ್ ಮಾಡಿಸಿ (ಒಳಗೆ ಕೊರೆಸಿ ಅಗಲ ಮಾಡಿಸಿ) ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬಹುದಿತ್ತು. ಆದರೆ ಬಾವ ಸುರಿದ ನೀರಿಗೆ ಹೆಡ್ ಕೂಡ ಸೊಟ್ಟಗಾಗಿತ್ತು, ಖರ್ಚು ಕೂಡಿಸಿ ನೋಡಿ ಬಿಟ್ಟೆವು. ಬಿಡಿಭಾಗಕ್ಕೆ ಬೇಕು ಅಂತ ಇಬ್ಬರು ಬಂದಿದ್ದರು. ಕೆಳಗಿನ ಗೇರ್ ಭಾಗ ಒಬ್ಬರಿಗೆ ಕೊಟ್ಟೆ. ಇನ್ನೊಬ್ಬರು ಮೇಲಿನ ಇಂಜಿನ್ ಇಡಿಯಾಗಿ ಕೇಳಿದರು, ರೇಟೂ ಪರವಾಗಿಲ್ಲ. ಯಾಕೆ ಅಂತ ಕೇಳಿದರೆ ಸರಿಯಾಗಿ ಹೇಳಲಿಲ್ಲ. ಅವತ್ತು ಸಂಜೆ ಮೇಲಿನ ಸಿಲಿಂಡರಿನ ಗೋಡೆಗೆ ಡ್ರಿಲ್ ಇಟ್ಟು ಮೂರು ಕಡೆ ತೂತು ಹೊಡೆದೆ. ಇನ್ನು ಅದಕ್ಕೆ ಯಾರೂ ಬಣ್ಣ ಬಳಿದು ಮಾರಲಾಗುವುದಿಲ್ಲ.