ಹಳೇ ರೇಸ್ ಸೈಕಲ್‌ಗೆ ‘ಶೋರೂಮ್ ಕಂಡೀಶನ್’ ಮಾಡಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಹಳೇ ರೇಸ್ ಸೈಕಲ್ ಇದ್ದು, ಅದನ್ನು ಹೊಸದರಂತೆ ಮಾಡಿಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಐದು ನಿಮಿಷ ಕೊಡಿ. ನಮ್ಮ ಕಾಕಾನ ಸೈಕಲ್ ವಿಷಯದಲ್ಲಿ ನನಗೆ ಆಗಿದ್ದು ನಿಮಗೆ ಆಗಬಾರದು. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಇನ್ನೊಂದು ವಾರ ಅದನ್ನೇ ಓಡಿಸಿದ್ದರೆ ಬೆಳಗಾವಿ ಹತ್ತಿರದ ಜಾಂಬೋಟಿ ರಸ್ತೆಯ ಇಳಿಜಾರಿನಲ್ಲಿ ನನ್ನ ಮಗನ ಗತಿ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಕಾಕಾ ಜಮಖಂಡಿಯವರು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಹುಚ್ಚು ಎಷ್ಟು ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾಕಾ ಕೂಡ ಹರೆಯದಲ್ಲಿ ಜಮಖಂಡಿಯಿಂದ ಮುಧೋಳ, ಲೋಕಾಪುರ ದಾಟಿ ಬಾಗಲಕೋಟೆಗೆ ಹೋಗಿ, ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದರಂತೆ. 1978ರಲ್ಲಿ ಪುಣೆಯ ಒಬ್ಬ ಹಳೇ ರೇಸರ್ ಹತ್ತಿರ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡರು. ಕಾರ್ಲ್‌ಟನ್, ಇಂಗ್ಲೆಂಡಿನ ವರ್ಕ್‌ಸಾಪ್ ಊರಿನದು. ಆ ಕಂಪನಿಯನ್ನು 1960ರಲ್ಲೇ ರಾಲಿಯವರು ಕೊಂಡಿದ್ದರು. ಸೀಟಿನ ಕೆಳಗಿನ ಪೈಪಿನ ಮೇಲೆ ‘ರೆನಾಲ್ಡ್ಸ್ 531’ ಅಂತ ಸಣ್ಣ ಸ್ಟಿಕರ್, ಅದು ಪೈಪಿನ ಜಾತಿಯ ಹೆಸರು. ಹಿಂದಿನ ಗೇರ್, ಅಂದರೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಇಟಲಿಯ ಕ್ಯಾಂಪಗ್ನೋಲೋ ಕಂಪನಿಯದು. ಅದರ ಮೇಲೆ ‘ಪೇಟೆಂಟ್’ ಅಂತ ಬರೆದು ಪಕ್ಕದಲ್ಲಿ 74 ಅಂತ ಅಚ್ಚು ಇತ್ತು. ಆ ಎರಡು ಅಂಕಿ ನೋಡಿಯೇ ಆ ಗೇರ್ ಯಾವ ವರ್ಷದ್ದು ಅಂತ ಹೇಳಬಹುದು.

ಬಣ್ಣ ನೀಲಿ. ಸುಮ್ನೆ ನೀಲಿ ಅಲ್ಲ. ಆ ಕಾಲದ ಎಷ್ಟೋ ಇಂಗ್ಲಿಷ್ ಸೈಕಲ್‌ಗಳಿಗೆ ಮೊದಲು ಬೆಳ್ಳಿ ಬಣ್ಣ ಹೊಡೆದು, ಅದರ ಮೇಲೆ ಗಾಜಿನಂತೆ ತೆಳುವಾದ ಬಣ್ಣ ಹಾಕುತ್ತಿದ್ದರು. ಬಿಸಿಲಿಗೆ ಹಿಡಿದರೆ ಒಳಗಿನಿಂದ ಬೆಳಕು ಬಂದಂತೆ ಕಾಣುತ್ತದೆ. ನಲವತ್ತು ವರ್ಷದ ಗೀರು, ಕಲೆ ಎಲ್ಲ ಇದ್ದರೂ ಆ ಬೆಳಕು ಮಾತ್ರ ಹೋಗಿರಲಿಲ್ಲ.

ಮೊಣಕಾಲು ನೋವು ಶುರುವಾದ ಮೇಲೆ ಕಾಕಾ ಸೈಕಲ್ ನನಗೆ ಕೊಟ್ಟರು. ನಾನು ಬೆಳಗಾವಿಗೆ ತಂದೆ. ಹೊಸದರಂತೆ ಮಾಡಿಸಿ, ಅವರ ಹುಟ್ಟುಹಬ್ಬಕ್ಕೆ ತೋರಿಸಬೇಕು ಅಂತ ಆಸೆ. ಇಲ್ಲಿ ಹಳೇ ಮೋಟಾರ್ ಸೈಕಲ್‌ಗಳನ್ನು ರಿಪೇರಿ ಮಾಡಿ ಫಳಫಳ ಹೊಳೆಸಿ ಕೊಡುವ ಒಂದು ಅಂಗಡಿ ಇದೆ. ಅವರ ಕೆಲಸದ ಫೋಟೋ ನೋಡಿ ಮರುಳಾದೆ. 32 ಸಾವಿರ ರೂಪಾಯಿಗೆ ಮಾತಾಯಿತು, 20 ಸಾವಿರ ಮುಂಗಡ. “ಶೋರೂಮಿಂದ ಈಗ ತಂದಂಗ ಮಾಡಿ ಕೊಡ್ತೀವ್ರಿ ಸರ್” ಅಂದರು. ಏನೇನು ಮಾಡುತ್ತೀರಿ ಅಂತ ನಾನು ಕೇಳಲಿಲ್ಲ. ಮೊದಲ ತಪ್ಪು ಅಲ್ಲೇ ಆಗಿದ್ದು.

ಎರಡು ತಿಂಗಳಾದ ಮೇಲೆ ಸೈಕಲ್ ಬಂತು. ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅದನ್ನು ಕಾರಿನಲ್ಲಿ ಹಾಕಿಕೊಂಡು ಜಮಖಂಡಿಗೆ ಹೋದೆ. ಕಾಕಾ ಅಂಗಳಕ್ಕೆ ಬಂದು ಸುತ್ತಲೂ ಒಂದು ಸಲ ನೋಡಿದರು. ಆಮೇಲೆ ಮೇಲಿನ ಪೈಪಿನ ಅಡಿಗೆ ಕೈ ಹಾಕಿ ಹೆಬ್ಬೆರಳಿನಿಂದ ತಡವಿದರು. ಹಿಂದೆ, ಮುಂದೆ, ಮತ್ತೆ ಹಿಂದೆ.

“ಲೋಕಾಪುರ ಎಲ್ಲಿ ಹೋತೋ ತಮ್ಮಾ?” ಅಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಲೋಕಾಪುರದ ಹತ್ತಿರ ಒಮ್ಮೆ ಬಿದ್ದಾಗ ಆ ಜಾಗದಲ್ಲಿ ಒಂದು ತಗ್ಗು ಆಗಿತ್ತು. ಹೆಬ್ಬೆರಳು ಸರಿಯಾಗಿ ಕೂರುವಷ್ಟು. ಸೈಕಲ್ ಎತ್ತುವಾಗೆಲ್ಲ ಅವರ ಬೆರಳು ಅಲ್ಲಿಗೇ ಹೋಗುತ್ತಿತ್ತಂತೆ. ಕಾರಿಗೆ ಹಾಕುವ ಪುಟ್ಟಿ ಮೆತ್ತಿ ಅದನ್ನು ಮುಚ್ಚಿಬಿಟ್ಟಿದ್ದರು. ಕಾಕಾ ಬೇಜಾರು ತೋರಿಸಲಿಲ್ಲ. “ಛಲೋ ಆಗೇತಿ, ಇರ್ಲಿ ಬಿಡು” ಅಂದು ಒಳಗೆ ಹೋಗಿ ಚಹಾ ಇಡಲು ಹೇಳಿದರು. ಸೈಕಲ್ ಹತ್ತಿ ನೋಡಲೇ ಇಲ್ಲ.

ಬೆಳಗಾವಿಗೆ ವಾಪಸ್ ಬಂದ ಮೇಲೆ ಮಗ ಓಡಿಸಲು ಶುರು ಮಾಡಿದ. ಒಂದೊಂದೇ ಹೊರಗೆ ಬಂತು.

ಮೊದಲು ಬ್ರೇಕ್. ಮುಂದಿನ ಟೈರಿನ ಪಕ್ಕದಲ್ಲಿ ಕಪ್ಪು ಪುಡಿ ಕಾಣಿಸಿತು. ಹಳೇ ಚಕ್ರ 27 ಇಂಚಿನದು. ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ಅಳತೆ 630 ಮಿಲಿಮೀಟರ್. ಅಂಗಡಿಯವರು ನನಗೆ ಹೇಳದೇ ಈಗಿನ 700ಸಿ ಚಕ್ರ ಹಾಕಿದ್ದರು, ಅದು 622. ಸುತ್ತಲೂ 4 ಮಿಲಿಮೀಟರ್ ಕಡಿಮೆ. ಬ್ರೇಕ್ ರಬ್ಬರ್ ಅಷ್ಟು ಕೆಳಗಿಳಿಸಬೇಕಿತ್ತು, ಇಳಿಸಿರಲಿಲ್ಲ. ಬ್ರೇಕ್ ಹಿಡಿದಾಗಲೆಲ್ಲ ರಬ್ಬರ್ ರಿಮ್ ಬಿಟ್ಟು ಟೈರನ್ನು ತಿನ್ನುತ್ತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಓಡುವಾಗಲೇ ಟೈರ್ ಒಡೆಯುತ್ತಿತ್ತು.

ಹಿಂದಿನ ಚಕ್ರದ ಕಥೆಯೂ ಹಾಗೇ. ಆ ಕಾಲದ ಐದು ಗೇರಿನ ಹಬ್ (ಚಕ್ರದ ನಡುವಿನ ಭಾಗ) 120 ಮಿಲಿಮೀಟರ್ ಅಗಲ. ಅವರು ಹಾಕಿದ ಹಬ್ 130. ಫ್ರೇಮನ್ನು ಹಿಗ್ಗಿಸಿ ಕೂರಿಸಿದ್ದರು. ಸ್ಟೀಲ್ ಫ್ರೇಮನ್ನು ಹಾಗೆ ಹಿಗ್ಗಿಸಬಹುದು, ಆದರೆ ಎರಡೂ ಕಡೆ ಸಮ ಬರಬೇಕು. ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಹಿಂದಿನ ಚಕ್ರ ತೆಗೆದು, ಅದು ಕೂರುವ ಒಂದು ತುದಿಗೆ ನೂಲು ಕಟ್ಟಿ. ಹ್ಯಾಂಡಲ್ ಕೆಳಗಿನ ಪೈಪಿಗೆ ಸುತ್ತು ಹಾಕಿ ಇನ್ನೊಂದು ತುದಿಗೆ ತನ್ನಿ. ಬಿಗಿಯಾಗಿ ಎಳೆದು, ಸೀಟಿನ ಪೈಪಿನಿಂದ ಎರಡೂ ಕಡೆಯ ನೂಲು ಎಷ್ಟು ದೂರ ಇದೆ ಅಂತ ಅಳೆಯಿರಿ. ಸಮ ಇರಬೇಕು. ನಮ್ಮದರಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಬಂತು.

ಪೆಡಲ್ ತಿರುಗುವಾಗ ಕಟಕಟ ಸದ್ದು. ಬಿಚ್ಚಿ ನೋಡಿದರೆ ಚೈನ್ ಕಡೆಯ ಬಿಬಿ (ಬಾಟಮ್ ಬ್ರಾಕೆಟ್, ಪೆಡಲಿನ ಅಚ್ಚು ಕೂರುವ ಜಾಗ) ಕಪ್ ಮೇಲೆ ಪೈಪ್ ಪಾನಾದ ಹಲ್ಲಿನ ಗುರುತು. ಇಂಗ್ಲಿಷ್ ಸೈಕಲ್‌ಗಳಲ್ಲಿ ಆ ಕಡೆಯ ಕಪ್ ಉಲ್ಟಾ ತ್ರೆಡ್. ಗಡಿಯಾರದ ಮುಳ್ಳು ತಿರುಗುವ ಕಡೆ ತಿರುಗಿಸಿದರೆ ಸಡಿಲವಾಗುತ್ತದೆ. ಅದು ಗೊತ್ತಿಲ್ಲದವರು ಇನ್ನೊಂದು ಕಡೆಗೆ ಜಗ್ಗಿ ಜಗ್ಗಿ ತ್ರೆಡ್ ಕೆಡಿಸಿ, ಎಂ-ಸೀಲ್ ಹಾಕಿ ಕೂರಿಸಿದ್ದರು. ಇಟಲಿಯ ಸೈಕಲ್‌ನಲ್ಲಿ ಎರಡೂ ಕಡೆ ನೇರ ತ್ರೆಡ್. ನಾಟಿಂಗ್‌ಹ್ಯಾಮ್‌ನಲ್ಲಿ ಮಾಡಿದ ಹಳೇ ರಾಲಿಗಳಲ್ಲಿ ಇಂಚಿಗೆ 26 ತ್ರೆಡ್, ಬೇರೆ ಇಂಗ್ಲಿಷ್ ಸೈಕಲ್‌ಗಳಲ್ಲಿ 24. ನಿಮ್ಮ ಸೈಕಲ್ ಮುಟ್ಟುವವರಿಗೆ ಇದು ಗೊತ್ತಿದೆಯಾ ಅಂತ ಮೊದಲೇ ಕೇಳಿ. ಉತ್ತರ ತಡವರಿಸಿದರೆ ಸೈಕಲ್ ಎತ್ತಿಕೊಂಡು ಮನೆಗೆ ಬನ್ನಿ.

ಇದೆಲ್ಲ ಆದರೂ ಮುಖ್ಯ ವಿಷಯ ಬೇರೆಯೇ ಇತ್ತು. ಮುಂದಿನ ಬ್ರೇಕ್ ಹಿಡಿದಾಗ ‘ಟಕ್’ ಅಂತ ಒಂದು ಸಣ್ಣ ಸದ್ದು ಬರುತ್ತದೆ ಅಂತ ಮಗ ಎರಡು ಸಲ ಹೇಳಿದ್ದ. ಒಂದು ಭಾನುವಾರ ತೊಳೆಯುವಾಗ ನೋಡಿದೆ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಎಡಗಾಲು, ಎರಡೂ ಕಾಲು ಕೂಡುವ ಮೇಲಿನ ತುಂಡಾದ ಕ್ರೌನ್‌ಗೆ ಸೇರುವ ಜಾಗದಲ್ಲಿ ಬಣ್ಣದ ಮೇಲೆ ಕೂದಲಿನಂಥ ಒಂದು ಗೆರೆ. ಒರೆಸಿದರೆ ಹೋಗಲಿಲ್ಲ. ಉಗುರಿನಿಂದ ಕೆರೆದೆ, ಉಗುರು ಸಿಕ್ಕಿಕೊಂಡಿತು.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನನ್ನ ಗೆಳೆಯ ಇದ್ದಾನೆ. ಎರಕ ಹೊಯ್ದ ಮಾಲಿನಲ್ಲಿ ಬಿರುಕು ಹುಡುಕುವುದೇ ಅವನ ಕೆಲಸ. ಫೋರ್ಕ್ ಕಳಚಿಕೊಂಡು ಅವನ ಹತ್ತಿರ ಹೋದೆ. ಅವನು ಮೊದಲು ಆ ಜಾಗದ ಬಣ್ಣ ಪೂರ್ತಿ ತೆಗೆದ. ಬಣ್ಣದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ. ಬಣ್ಣದ ಜೊತೆ ಪುಟ್ಟಿಯ ಒಂದು ಚಕ್ಕೆಯೂ ಎದ್ದು ಬಂತು. ಆಮೇಲೆ ಚೆನ್ನಾಗಿ ಒರೆಸಿ ಒಂದು ಡಬ್ಬಿಯಿಂದ ಕೆಂಪು ದ್ರವ ಸಿಂಪಡಿಸಿದ. ಹತ್ತು ನಿಮಿಷ ಬಿಟ್ಟು ಮೇಲಿನ ಕೆಂಪನ್ನೆಲ್ಲ ಒರೆಸಿ ತೆಗೆದ. ಲೋಹ ಸ್ವಚ್ಛವಾಗಿ ಕಾಣುತ್ತಿತ್ತು, ಏನೂ ಇಲ್ಲ ಅನ್ನಿಸಿತು. ಕೊನೆಗೆ ಇನ್ನೊಂದು ಡಬ್ಬಿಯಿಂದ ಸುಣ್ಣದಂಥ ಬಿಳಿ ಪುಡಿ ಹೊಡೆದ. ನಾವು ನೋಡುತ್ತಿದ್ದಂತೆಯೇ ಆ ಬಿಳಿಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ಬೆರಳಿಗೆ ಬ್ಲೇಡ್ ತಾಗಿದಾಗ ರಕ್ತ ಬರುವ ಹಾಗೆ, ನಿಧಾನವಾಗಿ. ಪೈಪಿನ ಸುತ್ತಳತೆಯ ಮೂರನೇ ಒಂದು ಭಾಗದಷ್ಟು ಉದ್ದ.

ಅವನು ಆ ಜಾಗವನ್ನು ಗರಗಸದಿಂದ ಕೊಯ್ದು ಬಾಯಿ ತೆರೆದು ತೋರಿಸಿದ. ಬಿರುಕಿನ ಒಳಗೆ ಕಪ್ಪು ಜಂಗು ಹಿಡಿದಿತ್ತು. “ಇದು ಹೊಸಾದಲ್ಲ. ಹೊಸಾದಿದ್ರ ಒಳಗ ಬೆಳ್ಳಗ ಹೊಳೀತಿತ್ತು. ಬಣ್ಣಾ ಹಚ್ಚೂದಕಿಂತ ಮೊದ್ಲ ಇತ್ತಿದು” ಅಂದ. ತುದಿಯಲ್ಲಿ ಒಂದಿಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. ಅದು ನನ್ನ ಮಗ ಓಡಿಸಿದಾಗ ಬೆಳೆದಿದ್ದು.

ಅಂಗಡಿಗೆ ಹೋಗಿ ಕೇಳಿದೆ. ಜಗಳ ಮಾಡಲಿಲ್ಲ, ಫೋರ್ಕಿನ ತುಂಡು ಟೇಬಲ್ ಮೇಲಿಟ್ಟೆ. ಅಲ್ಲಿನ ಹುಡುಗ ಹೇಳಿದ ಮಾತು ಇದು: “ಸರ್, ನೀವು ಮನ್ಯಾಗ ಶೋಕ್ಕ ಇಡ್ತೀರಿ ಅಂತ ತಿಳ್ಕೊಂಡಿದ್ವಿರಿ.” ಅಂದರೆ ಹಳೇ ಬಣ್ಣ ತೆಗೆದಾಗ ಅವರ ಕಣ್ಣಿಗೆ ಬಿರುಕು ಬಿದ್ದಿತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವನಿಗೆ ಹೇಳಿದ್ದನ್ನು ಅವನು ಮಾಡಿದ್ದಾನೆ. ಹೊಳಪೇ ಕೆಲಸ ಅಂತ ಅವನಿಗೆ ಕಲಿಸಿದವರ ಮೇಲೆ ಇದೆ.

ಮೋಟಾರ್ ಸೈಕಲ್‌ಗೆ ಮಾಡುವ ಕೆಲಸವನ್ನು ಇಂಥ ಸೈಕಲ್‌ಗೆ ಮಾಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ರೆನಾಲ್ಡ್ಸ್ 531 ಪೈಪ್ 1935ರಿಂದ ಬಂದಿದ್ದು. ರೇಸ್ ಸೈಕಲ್‌ನಲ್ಲಿ ಅದರ ಪೈಪು ಎರಡೂ ತುದಿಯಲ್ಲಿ ದಪ್ಪ, ನಡುವೆ ತೆಳು. ನಡುವೆ ಅರ್ಧ ಮಿಲಿಮೀಟರ್ ಆಸುಪಾಸು ಮಾತ್ರ ಇರುತ್ತದೆ. ಅದರ ಮೇಲೆ ಜೋರಾಗಿ ಸ್ಯಾಂಡ್ ಬ್ಲಾಸ್ಟ್ ಹೊಡೆದರೆ, ಗ್ರೈಂಡರ್ ಹಿಡಿದರೆ ಉಳಿಯುವುದು ಏನು? ಪೈಪುಗಳು ಸೇರುವಲ್ಲಿ ಹಿತ್ತಾಳೆ ಬೆಸುಗೆಯ ಲಗ್, ಅಂದರೆ ಪೈಪಿನ ತುದಿ ಕೂರುವ ಲೋಹದ ತೋಳುಗಳು ಇರುತ್ತವೆ. ಅವುಗಳ ಚೂಪಾದ ಅಂಚನ್ನೂ ನಯ ಮಾಡುತ್ತೇವೆ ಅಂತ ಉಜ್ಜಿ ತೆಗೆದಿದ್ದರು. ಅಡಿಯಲ್ಲಿ ಒತ್ತಿದ್ದ ಫ್ರೇಮ್ ನಂಬರ್ ಅರ್ಧ ಬಣ್ಣದಲ್ಲಿ ಮುಚ್ಚಿಹೋಗಿದೆ. ಚರ್ಮದ ಬ್ರೂಕ್ಸ್ ಸೀಟನ್ನು ಎಣ್ಣೆಯಲ್ಲಿ ನೆನೆಸಿದ್ದರಂತೆ, ಅದು ಜೋಲಿಯ ಹಾಗೆ ಇಳಿದುಬಿಟ್ಟಿದೆ.

ಹಾಗಾಗಿ ನನ್ನ ಮಾತು ಕೇಳಿ. ಮೂಲ ಬಣ್ಣ ಅರ್ಧ ಉಳಿದಿದ್ದರೂ ಅದನ್ನು ತೆಗೆಸಬೇಡಿ. ಸೋಪಿನ ನೀರು, ಮೆತ್ತನೆ ಬಟ್ಟೆ, ಸ್ವಲ್ಪ ವ್ಯಾಕ್ಸ್ ಸಾಕು. ಕ್ರೋಮ್ ಮೇಲಿನ ಜಂಗಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಅಷ್ಟು ಚೆನ್ನಾಗಿ ಹೋಗುತ್ತದೆ ಅಂತ ನಾನೂ ನಂಬಿರಲಿಲ್ಲ. ಬಣ್ಣ ಹೊಡೆಸಲೇಬೇಕು ಅಂದರೆ, ಹಳೇ ಬಣ್ಣ ತೆಗೆದ ದಿನ ನೀವೇ ಅಂಗಡಿಗೆ ಹೋಗಿ. ಬರೀ ಲೋಹವನ್ನು ಕೈಯಲ್ಲಿ ಹಿಡಿದು ನೋಡಿ. ಫೋರ್ಕಿನ ಕ್ರೌನ್, ಹ್ಯಾಂಡಲ್ ಕೆಳಗಿನ ಪೈಪಿನ ಹತ್ತಿರ, ಪೆಡಲ್ ಕೂರುವ ಬಿಬಿ ಸುತ್ತ. ಗೆಳೆಯ ಮಾಡಿದ ಆ ಕೆಂಪು ದ್ರವದ (ಡೈ) ಪರೀಕ್ಷೆಯನ್ನು ಅಲ್ಲೇ ಮಾಡಿಸಿ. ಕ್ಲೀನರ್, ಕೆಂಪು ದ್ರವ, ಬಿಳಿ ಪುಡಿ, ಮೂರು ಡಬ್ಬಿಯ ಖರ್ಚು ಅಷ್ಟೇ. ಪುಟ್ಟಿ ಬೇಡ ಅಂತ ಬರೆದು ಸಹಿ ಮಾಡಿಸಿಕೊಳ್ಳಿ. ಕೊಡುವ ಮುಂಚೆ ಪ್ರತಿ ಸಾಮಾನಿನ ಫೋಟೋ ತೆಗೆದಿಟ್ಟುಕೊಳ್ಳಿ, ಬದಲಿಸಿದ್ದೆಲ್ಲ ಚೀಲದಲ್ಲಿ ಹಾಕಿ ವಾಪಸ್ ಕೊಡಬೇಕು ಅಂತ ಹೇಳಿ.

ನಾನು ಹೇಳಿರಲಿಲ್ಲ. ಕ್ಯಾಂಪಗ್ನೋಲೋ ಗೇರ್ ಹೋಗಿ ಅದರ ಜಾಗದಲ್ಲಿ ಯಾವುದೋ ಅಗ್ಗದ ಗೇರ್ ಬಂದಿದೆ. ಕೇಳಿದರೆ, “ಸವೆದಿತ್ರಿ, ಗುಜರಿಗೆ ಹಾಕೀವಿ” ಅಂದರು.

ಫೋರ್ಕಿಗೆ ಬದಲಿ ಹುಡುಕುತ್ತಿದ್ದೇನೆ, ಸಿಗುವವರೆಗೆ ಯಾರೂ ಆ ಸೈಕಲ್ ಹತ್ತುವುದಿಲ್ಲ. ಮೇಲಿನ ಪೈಪಿನ ಅಡಿಯ ಪುಟ್ಟಿಯನ್ನು ಕಳೆದ ವಾರ ನಾನೇ ನಿಧಾನವಾಗಿ ಕೆರೆದು ತೆಗೆದೆ. ಲೋಕಾಪುರ ಇದೆ. ಕಾಕಾಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ, “ಗೇರ್ ಸಿಕ್ತೇನೋ?”

ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದ ಗುಜರಿ ಅಂಗಡಿಗಳಲ್ಲಿ ಓಡಾಡುವವರು ಯಾರಾದರೂ ಇದ್ದರೆ ಗಮನಿಸಿ. 74 ಅಂತ ಅಚ್ಚು ಇರುವ ಕ್ಯಾಂಪಗ್ನೋಲೋ ಹಿಂದಿನ ಗೇರ್. ಒಳಬದಿಯಲ್ಲಿ ಕಾಕಾ ಮೊಳೆಯಿಂದ ಗೀಚಿದ ‘ಜ’ ಅಕ್ಷರ ಇದೆ. ಜಮಖಂಡಿಯ ಜ. ಕಣ್ಣಿಗೆ ಬಿದ್ದರೆ ಕೊಂಡು ಇಟ್ಟುಕೊಂಡು ನನಗೆ ತಿಳಿಸಿ, ಕೇಳಿದಷ್ಟು ಕೊಡುತ್ತೇನೆ.