ಕುಮಾರಪರ್ವತಕ್ಕೆ ‘ಆರು ಗಂಟೆ ಸಾಕು’ ಅಂದವರನ್ನು ನಂಬಬೇಡಿ

ಡಿಸೆಂಬರ್ ರಜೆಗೆ ಕುಮಾರಪರ್ವತ ಅಂತ ಪ್ಲಾನ್ ಮಾಡುತ್ತಿರುವವರು ಬಸ್ ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ಓದಿಬಿಡಿ. ಕೆಲವು ವರ್ಷದ ಹಿಂದೆ ನಾವು ಮೂವರು ಅಲ್ಲಿ ಸಿಕ್ಕಿಹಾಕಿಕೊಂಡೆವು. ದಾರಿ ಎಲ್ಲೂ ತಪ್ಪಿರಲಿಲ್ಲ, ಮಳೆಯೂ ಇರಲಿಲ್ಲ. ಕೆಟ್ಟದ್ದು ಗಂಟೆಯ ಲೆಕ್ಕ. ಅದನ್ನು ಹಾಕಿದವನು ನಾನೇ, ಮನೆಯಲ್ಲಿ ಸೋಫಾದ ಮೇಲೆ ಕೂತು.

ಹೋದವರು ನಾನು, ನನ್ನ ಭಾವ, ಅವರ ಮಗ. ಭಾವನಿಗೆ ಆಗ ಐವತ್ತೆರಡು. ದಿನಾ ಬೆಳಗ್ಗೆ ಲಾಲ್‌ಬಾಗಿನಲ್ಲಿ ನಡೆಯುವವರು, ಗಂಟೆಗೆ ಐದು ಕಿಲೋಮೀಟರ್ ಅಂತ ಕೈಗಡಿಯಾರ ತೋರಿಸಿ ಹೇಳುವವರು. ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷ. ಕುಕ್ಕೆ ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 13 ಕಿ.ಮೀ., ಹೋಗಿ ಬರಲು 26. ಭಾವನ ವೇಗದಲ್ಲಿ ಐದೂಕಾಲು ಗಂಟೆ. ಬೆಟ್ಟ ಅಲ್ವಾ, ಸ್ವಲ್ಪ ಜಾಸ್ತಿ ಇರಲಿ ಅಂತ ಮುಕ್ಕಾಲು ಗಂಟೆ ಸೇರಿಸಿದೆ. ಅಷ್ಟರಲ್ಲಿ ಹುಡುಗ ಫೋನ್ ಹಿಡಿದು ಬಂದ. “ನೋಡಿ ಮಾವ, ಈ ವಿಡಿಯೋದಲ್ಲಿ ಇವರೂ ಆರೇ ಗಂಟೆ ಅಂತಾರೆ.” ಎರಡೂ ತಾಳೆಯಾಯಿತು, ಇನ್ನೇನು ಬೇಕು? ಏಳಕ್ಕೆ ಹೊರಡೋದು, ಊಟ ವಿಶ್ರಾಂತಿ ಸೇರಿ ಎರಡಕ್ಕೆ ಇಳಿಯೋದು, ಸಂಜೆ ದೇವರ ದರ್ಶನ, ರಾತ್ರಿ ಒಂಬತ್ತೂವರೆ ಬಸ್ಸಿಗೆ ಬೆಂಗಳೂರು. ವಾಪಸ್ ಟಿಕೆಟ್ಟೂ ಆಗಿಹೋಯಿತು.

ಆ ವಿಡಿಯೋ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶಿರಾಡಿ ಘಾಟಿಯಲ್ಲಿ ಲಾರಿಯೊಂದು ಕೆಟ್ಟು ನಿಂತು ನಮ್ಮ ಬಸ್ಸು ತಡವಾಯಿತು. ಕುಕ್ಕೆಯಲ್ಲಿ ಇಳಿದು, ಸ್ನಾನ ಮಾಡಿ, ತಿಂಡಿ ತಿಂದು ಕಾಡಿನ ದಾರಿ ಹಿಡಿಯುವಾಗ ಎಂಟೂ ನಲವತ್ತು. ಒಂದು ಗಂಟೆ ನಲವತ್ತು ನಿಮಿಷ ಅಲ್ಲೇ ಹೋಯಿತು. “ಮೇಲೆ ಸ್ವಲ್ಪ ಬೇಗ ನಡೆದರಾಯ್ತು ಬಿಡು” ಅಂದರು ಭಾವ. ನಾನೂ ಹೂಂ ಅಂದೆ.

ಮೊದಲ ಆರು ಕಿಲೋಮೀಟರ್ ದಟ್ಟ ಕಾಡು. ಬೇರುಗಳೇ ಮೆಟ್ಟಿಲು, ಗಾಳಿ ಅನ್ನೋದು ಇಲ್ಲವೇ ಇಲ್ಲ. ಭೀಮನ ಬಂಡೆ ತಲುಪುವಷ್ಟರಲ್ಲಿ ಭಾವ ಟೀ ಶರ್ಟ್ ಬಿಚ್ಚಿ ಹಿಂಡಿದರು, ಬಟ್ಟೆ ಒಗೆದ ಮೇಲೆ ಹಿಂಡಿದ ಹಾಗೆ ನೀರು ಸುರಿಯಿತು. ಕಾಡು ಮುಗಿದು, ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆ ಮುಟ್ಟಿದಾಗ ಹನ್ನೊಂದೂ ಐವತ್ತು. ಆರು ಕಿಲೋಮೀಟರಿಗೆ ಮೂರು ಗಂಟೆ ಹತ್ತು ನಿಮಿಷ! ಲಾಲ್‌ಬಾಗಿನ ವೇಗದ ಅರ್ಧವೂ ಇಲ್ಲ. ಅಲ್ಲಿ ಒಂದು ನಿಮಿಷ ಕೂತು ಲೆಕ್ಕವನ್ನು ಹೊಸದಾಗಿ ಹಾಕಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾವು ಅನ್ನ ಸಾಂಬಾರ್ ತಿಂದು, ಕಷ್ಟದ ಭಾಗ ಮುಗಿಯಿತು ಅಂತ ಮಾತಾಡಿಕೊಂಡು ಹನ್ನೆರಡೂ ಇಪ್ಪತ್ತಕ್ಕೆ ಎದ್ದೆವು.

ಸ್ವಲ್ಪ ಮೇಲೆ ಊರಿನ ಹಿರಿಯರೊಬ್ಬರು ಇಳಿದು ಬರುತ್ತಿದ್ದರು. ನಮ್ಮನ್ನು ನೋಡಿ ನಿಂತರು. “ಎಂತ ಮಾರಾಯ್ರೆ, ಈಗ ಹೋಗುದಾ? ರಾತ್ರಿ ಇಲ್ಲೇ ಉಳಿಯುದಾ?”

“ಇಲ್ಲ ಇಲ್ಲ, ಸಂಜೆ ಒಳಗೆ ಕುಕ್ಕೆಗೆ ಇಳಿಯುತ್ತೇವೆ” ಅಂದೆ.

“ಹತ್ತುದು ಹೇಗೂ ಹತ್ತಬಹುದು. ಇಳಿಯುದು ಯಾವಾಗ?” ಅಂದು, ಉತ್ತರಕ್ಕೂ ಕಾಯದೆ ಹೊರಟುಹೋದರು. ಹುಡುಗ ನಕ್ಕ. ಇಳಿಯೋದು ಸುಲಭ, ಅರ್ಧ ಸಮಯ ಸಾಕು ಅಂತ ನಮ್ಮೆಲ್ಲರ ತಲೆಯಲ್ಲೂ ಇತ್ತು.

ಅಲ್ಲಿಂದ ಮುಂದೆ ಬರೀ ಹುಲ್ಲುಗಾವಲು. ಮಧ್ಯಾಹ್ನದ ಬಿಸಿಲಿಗೆ ನೆರಳಲ್ಲಿ ನಿಲ್ಲೋಣ ಅಂದರೆ ಒಂದು ಮರ ಇಲ್ಲ. ಕಲ್ಲುಮಂಟಪಕ್ಕೆ ಎರಡೂ ಐದು. ಶೇಷಪರ್ವತದ ನೆತ್ತಿಗೆ ಮೂರೂ ಇಪ್ಪತ್ತೈದು. ಎದುರಿಗೇ ಕುಮಾರಪರ್ವತ. ಕೈ ಚಾಚಿದರೆ ಸಿಗುತ್ತೆ ಅನ್ನಿಸುವಷ್ಟು ಹತ್ತಿರ. ಆದರೆ ಅಲ್ಲಿಗೆ ಹೋಗಲು ಮೊದಲು ಒಂದು ಕಣಿವೆಗೆ ಇಳಿಯಬೇಕು, ಅಲ್ಲಿರುವ ಕುಳ್ಳ ಮರಗಳ ದಟ್ಟ ಶೋಲಾ ಕಾಡು ದಾಟಬೇಕು, ಆಮೇಲೆ ಬಂಡೆ ಹತ್ತಬೇಕು. ವಾಪಸ್ ಬರುವಾಗ ಇಳಿದಷ್ಟನ್ನೂ ಮತ್ತೆ ಏರಬೇಕು ಅನ್ನೋದು ಆಗ ಯಾರಿಗೂ ಹೊಳೆಯಲಿಲ್ಲ. “ಇಷ್ಟು ದೂರ ಬಂದು ಬಿಟ್ಟು ಹೋಗೋದಾ?” ಅಂದ ಹುಡುಗ. ಈ ಮಾತನ್ನು ನಾನೇ ಆಡುವವನಿದ್ದೆ.

ತುದಿ ಮುಟ್ಟಿದ್ದು ನಾಲ್ಕೂ ಇಪ್ಪತ್ತಕ್ಕೆ. ಹತ್ತು ನಿಮಿಷ ಕೂತೆವು. ಮಂಜು ಮುಚ್ಚಿಕೊಂಡಿತ್ತು, ಫೋಟೋದಲ್ಲಿ ನಾವು ಮೂವರು ಮತ್ತು ಬಿಳಿ ಗೋಡೆ.

ಮರಳಿ ಶೇಷಪರ್ವತಕ್ಕೆ ಬರಲು ಒಂದು ಗಂಟೆ. ಅಲ್ಲಿಂದ ಕೆಳಗೆ ಕಡಿದಾದ ಇಳಿಜಾರು, ಒಣ ಹುಲ್ಲಿನ ಮಧ್ಯೆ ಗೋಲಿಯಂಥ ಸಣ್ಣ ಕಲ್ಲು. ಭಾವನ ಬಲ ಮಂಡಿ ಅಲ್ಲೇ ಕೈಕೊಟ್ಟಿತು. ಒಂದು ಹೆಜ್ಜೆ ಇಟ್ಟರೆ ತೊಡೆ ಥರಥರ ನಡುಗುತ್ತಿತ್ತು. ಪ್ಯಾಂಟಿನ ಮೇಲಿಂದಲೇ ಕಾಣುತ್ತಿತ್ತು, ಹೊಲಿಗೆ ಮಿಷನ್ ಓಡುತ್ತಿರುವ ಹಾಗೆ. ಕೊನೆಗೆ ಅವರು ಅಡ್ಡಡ್ಡ ತಿರುಗಿ ಒಂದೊಂದೇ ಕಾಲು ಇಳಿಸಿದರು. ಎರಡು ಕಡೆ ಕೂತೇ ಜಾರಿದರು. ಡಿಸೆಂಬರ್‌ನಲ್ಲಿ ಅಲ್ಲಿ ಆರೂ ಹತ್ತರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನಮ್ಮ ಕಡೆ ಮುಳುಗಿದ ಮೇಲೆ ಬೆಳಕು ಬಹಳ ಹೊತ್ತು ಇರೋದಿಲ್ಲ. ಮಂಟಪದ ಹತ್ತಿರ ಬಂದಾಗ ಆರೂ ಐವತ್ತು, ಕಾಲಡಿಯ ಕಲ್ಲು ಕಾಣದಷ್ಟು ಕತ್ತಲು.

ಮೂವರಿಗೆ ಸೇರಿ ಒಂದು ಫೋನ್, ಅದರಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜ್. ಎರಡಕ್ಕೆ ಇಳಿಯುವವರು ಟಾರ್ಚ್ ಯಾಕೆ ತರುತ್ತಾರೆ? ನೀರು ಒಂದು ಬಾಟಲಿಯ ತಳದಲ್ಲಿತ್ತು. ದೂರದಲ್ಲಿ ಕುಕ್ಕೆಯ ದೀಪಗಳು ಮಿಣುಕುತ್ತಿದ್ದವು, ಅದನ್ನು ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತಿತ್ತು. ಹತ್ತುವಾಗ ದಾರಿ ಬದಿಯಲ್ಲಿ ಆನೆ ಲದ್ದಿ ನೋಡಿದ್ದೆವು, ಫೋಟೋ ಕೂಡ ತೆಗೆದಿದ್ದೆವು. ಈಗ ಆ ಜಾಗ ಎಲ್ಲಿ ಬರುತ್ತೆ ಅನ್ನೋದೊಂದೇ ಯೋಚನೆ. ಫೋನ್ ಬೆಳಕು ಹತ್ತಿಸಿ ಹತ್ತು ಹೆಜ್ಜೆ ನೋಡಿಕೊಳ್ಳೋದು, ಆರಿಸಿ ಹತ್ತು ಹೆಜ್ಜೆ ಇಡೋದು, ಹೀಗೇ ಮಾಡಿದೆವು. ಬೆಳಗ್ಗಿನಿಂದ ಬಾಯಿ ಮುಚ್ಚದ ಹುಡುಗ ಅಪ್ಪನ ಕೈ ಹಿಡಿದು ಸುಮ್ನೆ ನಡೆಯುತ್ತಿದ್ದ.

ಭಟ್ಟರ ಮನೆಗೆ ಬಂದು ಬಿದ್ದಾಗ ಒಂಬತ್ತೂ ಹತ್ತು. ಹೊಟ್ಟೆಗೆ ಅನ್ನ, ಮಜ್ಜಿಗೆ, ಮಲಗಲು ಜಾಗ ಸಿಕ್ಕಿತು. ಆ ಮಜ್ಜಿಗೆಯನ್ನು ಭಾವ ನಾಲ್ಕು ಲೋಟ ಕುಡಿದರು. ಮರುದಿನ ಬೆಳಗ್ಗೆ ಉಳಿದ ಆರು ಕಿಲೋಮೀಟರ್ ಕಾಡಿನ ಇಳಿಜಾರಿಗೆ ಮೂರು ಗಂಟೆ ನಲವತ್ತು ನಿಮಿಷ. ಅದೇ ದಾರಿಯನ್ನು ಹತ್ತಿದ್ದು ಮೂರು ಗಂಟೆ ಹತ್ತು ನಿಮಿಷದಲ್ಲಿ!

ಒಟ್ಟು ಹತ್ತಿದ್ದು ಏಳು ಗಂಟೆ ನಲವತ್ತು ನಿಮಿಷ, ಇಳಿದಿದ್ದು ಎಂಟು ಗಂಟೆ ಇಪ್ಪತ್ತು ನಿಮಿಷ. ಮಧ್ಯೆ ಮಲಗಿದ್ದು ಲೆಕ್ಕಕ್ಕೆ ಇಲ್ಲ.

ಮನೆಗೆ ಬಂದ ಮೇಲೆ ಆ ವಿಡಿಯೋ ಮತ್ತೆ ಹಾಕಿ ನೋಡಿದೆ. ಆತ ಹೊರಟಿದ್ದು ಸೋಮವಾರಪೇಟೆ ಕಡೆಯಿಂದ! ಬೆಟ್ಟ ಅದೇ, ಆದರೆ ಆ ಕಡೆಯ ದಾರಿ ಹೆಚ್ಚುಕಡಿಮೆ ಅರ್ಧ, ಶುರುವಾಗೋದೂ ಎತ್ತರದ ಜಾಗದಿಂದ. ಜೊತೆಗೆ ಪರದೆ ಮೇಲೆ ತೋರಿಸಿದ ಆರು ಗಂಟೆ ಬರೀ ಕಾಲು ಆಡಿದ ಸಮಯ. ಕೂತಿದ್ದು, ತಿಂದಿದ್ದು, ಫೋಟೋ ತೆಗೆದಿದ್ದು ಆ್ಯಪ್ ಬಿಟ್ಟುಬಿಟ್ಟಿತ್ತು. ಆತ ಸುಳ್ಳು ಹೇಳಿರಲಿಲ್ಲ. ಮೊದಲ ನಿಮಿಷವನ್ನು ಓಡಿಸಿ ನೋಡಿದವರು ನಾವು. ಯಾರಾದರೂ ‘ಇಷ್ಟು ಗಂಟೆ’ ಅಂದರೆ ಎಲ್ಲಿಂದ, ನಿಂತ ಸಮಯ ಸೇರಿಯಾ, ಜೊತೆಗೆ ಯಾರಿದ್ದರು ಅಂತ ಮೂರೂ ಕೇಳಿ.

ಈಗ ನಾನು ಲೆಕ್ಕ ಹಾಕೋದು ಬೇರೆ ಥರ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ದಾನೆ. ಈಗಿನ ಅಳತೆಯಲ್ಲಿ ಹೇಳೋದಾದರೆ ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರಪರ್ವತ 1,712 ಮೀಟರ್. ಕುಕ್ಕೆ ಇರೋದು ನೂರಿಪ್ಪತ್ತರ ಆಸುಪಾಸು. ಅಂದರೆ ಏರು ಸುಮಾರು 1,600 ಮೀಟರ್. ನಾನು ಬರೀ ದೂರ ನೋಡಿದ್ದೆ, ಈ 1,600 ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಸೂತ್ರದ ಪ್ರಕಾರ ಹತ್ತಲು ಐದೂಕಾಲು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೆ. ನಮಗೆ ಕೂತಿದ್ದು ತಿಂದಿದ್ದು ಸೇರಿ ಅದರ ಒಂದೂವರೆ ಪಟ್ಟು ಹತ್ತಿರ ಹಿಡಿಯಿತು. ಹಾಗಾಗಿ ನಮ್ಮ ಮನೆಯವರ ಜೊತೆ ಹೋಗುವಾಗ ಸೂತ್ರದ ಉತ್ತರಕ್ಕೆ ಒಂದೂವರೆಯಿಂದ ಗುಣಿಸುತ್ತೇನೆ. ನಿಮ್ಮದು ಎಷ್ಟು ಪಟ್ಟು ಅಂತ ಸಾವನದುರ್ಗವೋ ಶಿವಗಂಗೆಯೋ ಹತ್ತಿ ಮೊದಲೇ ನೋಡಿಕೊಳ್ಳಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರ ಸಮಯ ಹಿಡಿಯಿರಿ.

ಇಳಿಯೋದಕ್ಕೆ ಎಷ್ಟು? ನೈಸ್ಮಿತ್ ಸೂತ್ರ ಇಳಿಜಾರನ್ನು ಸಮತಟ್ಟು ನೆಲದ ಹಾಗೇ ನೋಡುತ್ತೆ. ಆಮೇಲೆ ಎರಿಕ್ ಲ್ಯಾಂಗ್ಮೂರ್ ಅನ್ನುವವರು ಅದನ್ನು ತಿದ್ದಿದರು. ಹಗುರ ಇಳಿಜಾರಾದರೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಕಳೆಯಿರಿ, ಕಡಿದಾಗಿದ್ದರೆ ಹತ್ತು ನಿಮಿಷ ಕೂಡಿಸಿ ಅಂದರು. ನಾನಂತೂ ಕಳೆಯುವ ಗೋಜಿಗೇ ಹೋಗುವುದಿಲ್ಲ, ಹತ್ತಲು ಎಷ್ಟೋ ಇಳಿಯಲೂ ಅಷ್ಟೇ ಇಡುತ್ತೇನೆ. ಉಳಿದರೆ ಕೆಳಗೆ ಕೂತು ಚಹಾ ಕುಡಿದರಾಯಿತು.

ಇನ್ನು ವಾಪಸ್ ತಿರುಗುವ ಗಂಟೆ. ಇದನ್ನು ಬೆಟ್ಟದ ಮೇಲೆ ನಿರ್ಧಾರ ಮಾಡಲು ಹೋದರೆ ತುದಿಯೇ ಗೆಲ್ಲುತ್ತೆ, ಕೆಳಗೇ ಗೊತ್ತು ಮಾಡಿಕೊಳ್ಳಿ. ಸೂರ್ಯ ಮುಳುಗಲು ಒಂದು ಗಂಟೆ ಮೊದಲು ಕೆಳಗಿರಬೇಕು ಅಂದರೆ ಸುಮಾರು ಐದು ಗಂಟೆ. ನಾವು ಹೊರಟಿದ್ದು ಎಂಟೂ ನಲವತ್ತು. ಮಧ್ಯೆ ಎಂಟು ಗಂಟೆ ಇಪ್ಪತ್ತು ನಿಮಿಷ, ಅದರ ಅರ್ಧ ನಾಲ್ಕೂ ಹತ್ತು. ಎಲ್ಲೇ ಇದ್ದರೂ ಹನ್ನೆರಡೂ ಐವತ್ತಕ್ಕೆ ತಿರುಗಬೇಕಿತ್ತು. ಅಂದರೆ ಆ ಹಿರಿಯರು ನಮ್ಮನ್ನು ತಡೆದು ಕೇಳಿದ ಜಾಗದಿಂದ ಸ್ವಲ್ಪವೇ ಮೇಲೆ.

ಚಾರಣಕ್ಕೆ ಅನುಮತಿ, ರಾತ್ರಿ ಉಳಿಯಲು ಬಿಡುತ್ತಾರಾ ಇಲ್ಲವಾ, ಯಾವ ತಿಂಗಳು ಬಂದ್, ಇವೆಲ್ಲ ಆಗಾಗ ಬದಲಾಗುತ್ತವೆ. ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಹೊರಡಿ. ಟಾರ್ಚ್ ತಲೆಗೊಂದರಂತೆ ಇರಲಿ. ವಾಪಸ್ ಟಿಕೆಟ್ ಅದೇ ರಾತ್ರಿಗೆ ಮಾಡಿಸಲೇಬೇಡಿ. ನಮ್ಮ ಮೂರು ಟಿಕೆಟ್ಟಿನ ದುಡ್ಡು ಹೋಯಿತು. ಬಸ್ಸಿನವರು ಆ ರಾತ್ರಿ ಒಂಬತ್ತೂ ಇಪ್ಪತ್ತರಿಂದ ನಾಲ್ಕು ಸಲ ಫೋನ್ ಮಾಡಿದ್ದರಂತೆ. ಮರುದಿನ ಕುಕ್ಕೆಗೆ ಇಳಿದು ಫೋನ್ ಚಾರ್ಜಿಗೆ ಹಾಕಿದಾಗ ಗೊತ್ತಾಯಿತು.