ಹಿಮಕ್ಕಿಂತ ಮೊದಲು ಒದ್ದೆ ರಸ್ತೆ: ಚಳಿಗಾಲದ ಪರ್ಫಾರ್ಮೆನ್ಸ್ ಟೈರ್‌ಗಳ ಹೋಲಿಕೆ

ಚಳಿಗಾಲದ ಟೈರ್‌ನ ಯಾವ ಜಾಹೀರಾತು ತೆಗೆದರೂ ಕಾರೊಂದು ಹಿಮ ಎರಚಾಡುತ್ತ ತಿರುವಿನಲ್ಲಿ ಹೋಗುತ್ತಿರುತ್ತದೆ. ನಾನು ದಿನಾ ಕೆಲಸಕ್ಕೆ ಹೋಗುವ ಹೆದ್ದಾರಿಯಲ್ಲಿ ಚಳಿಗಾಲದ ಹೆಚ್ಚಿನ ದಿನ ಹಿಮವೇ ಇರುವುದಿಲ್ಲ. ರಾತ್ರಿ ಬಿದ್ದದ್ದನ್ನು ಬೆಳಗಾಗುವ ಮೊದಲೇ ಗಾಡಿಗಳು ಬಂದು ಪಕ್ಕಕ್ಕೆ ತಳ್ಳಿ, ಉಪ್ಪು ಹಾಕಿ ಹೋಗಿರುತ್ತವೆ. ಉಳಿಯುವುದು ಕಪ್ಪನೆಯ ಒದ್ದೆ ಡಾಂಬರು, ಎರಡೋ ಮೂರೋ ಡಿಗ್ರಿ ಚಳಿ, ಮುಂದಿನ ಲಾರಿ ಎಬ್ಬಿಸುವ ರಾಡಿ ನೀರು. ಹಾಗಾಗಿ ಟೈರ್ ಹೇಗಿದೆ ಅಂತ ಯಾರಾದರೂ ಕೇಳಿದರೆ ಹಿಮದ ಮಾತು ಆಮೇಲೆ. ನೂರರ ವೇಗದಲ್ಲಿ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಕಾರು ಎಲ್ಲಿ ನಿಲ್ಲುತ್ತದೆ ಅನ್ನುವುದು ಮೊದಲು.

ಅಂಗಡಿಯಲ್ಲಿ ಎಲ್ಲವನ್ನೂ 'ವಿಂಟರ್ ಟೈರ್' ಅಂತ ಒಂದೇ ಸಾಲಿನಲ್ಲಿ ಜೋಡಿಸಿಟ್ಟಿರುತ್ತಾರೆ. ಆದರೆ ಅದರಲ್ಲಿ ಎರಡು ಜಾತಿ ಇವೆ. ಒಂದು, ಮಧ್ಯ ಯುರೋಪಿನ ರಸ್ತೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು: ಮಿಶೆಲಿನ್ ಪೈಲಟ್ ಆಲ್ಪಿನ್ 5, ಕಾಂಟಿನೆಂಟಲ್ ವಿಂಟರ್‌ಕಾಂಟ್ಯಾಕ್ಟ್ ಟಿಎಸ್ 870 ಪಿ, ಬ್ರಿಡ್ಜ್‌ಸ್ಟೋನ್ ಬ್ಲಿಝಾಕ್ ಎಲ್‌ಎಂ 005, ವ್ರೆಡೆಸ್ಟೈನ್ ವಿಂಟ್ರಾಕ್ ಪ್ರೊ ಇವೆಲ್ಲ ಆ ಗುಂಪು, ಇದಕ್ಕೆ ಪರ್ಫಾರ್ಮೆನ್ಸ್ ಜಾತಿ ಅನ್ನೋಣ. ಸಾಮಾನ್ಯವಾಗಿ ಎಚ್ ಅಥವಾ ವಿ ವೇಗದ ಗುರುತು ಇರುತ್ತದೆ, ಅಂದರೆ ಗಂಟೆಗೆ 210 ಇಲ್ಲವೇ 240 ಕಿ.ಮೀ. ತಡೆಯುತ್ತವೆ. ಇನ್ನೊಂದು, ಉತ್ತರದ ದೇಶಗಳಿಗೆಂದು ಮಾಡಿದ ಮೆತ್ತನೆಯ ಜಾತಿ: ನೋಕಿಯನ್ ಹಕ್ಕಪೆಲಿಟ್ಟಾ ಆರ್5, ಕಾಂಟಿನೆಂಟಲ್ ವೈಕಿಂಗ್‌ಕಾಂಟ್ಯಾಕ್ಟ್ 7, ಮಿಶೆಲಿನ್ ಎಕ್ಸ್-ಐಸ್ ಸ್ನೋ. ಇವುಗಳ ವೇಗದ ಮಿತಿ ಸಾಮಾನ್ಯವಾಗಿ ಕಡಿಮೆ. ವೈಕಿಂಗ್‌ಕಾಂಟ್ಯಾಕ್ಟ್‌ಗೆ ಟಿ, ಅಂದರೆ 190. ಇವೆರಡನ್ನು ಒಂದೇ ಪಟ್ಟಿಯಲ್ಲಿ ಹಾಕಿ ಅಂಕ ಕೊಡುವ ವಿಮರ್ಶೆಗಳನ್ನು ಓದಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುತ್ತದೆ. ಯಾವುದು ಒಳ್ಳೆಯದು ಅನ್ನುವುದು ನಿಮ್ಮ ರಸ್ತೆ ಯಾವ ಬಣ್ಣದ್ದು ಅನ್ನುವುದರ ಮೇಲೆ ನಿಂತಿದೆ.

ಟೈರ್ ಕೊಳ್ಳುವ ಮೊದಲು ನಾನು ಮಾಡುವ ಒಂದು ಕೆಲಸ ಇದೆ, ನೋಡಿದವರು ನಗುತ್ತಾರೆ. ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ರಬ್ಬರಿನ, ಒಂದು ಬ್ಲಾಕಿಗೆ ಹೆಬ್ಬೆರಳ ಉಗುರು ಊರಿ ಒತ್ತುತ್ತೇನೆ. ಉತ್ತರದ ಜಾತಿಯಲ್ಲಿ ಉಗುರು ಸರಾಗವಾಗಿ ಇಳಿಯುತ್ತದೆ. ಪರ್ಫಾರ್ಮೆನ್ಸ್ ಜಾತಿಯಲ್ಲಿ ಇಳಿಯುತ್ತದೆ, ಆದರೆ ರಬ್ಬರು ಹಿಂದಕ್ಕೆ ತಳ್ಳುತ್ತದೆ. ಆಮೇಲೆ ಬ್ಲಾಕಿನ ಮೇಲಿರುವ ಕೂದಲೆಳೆಯಷ್ಟು ಸಣ್ಣ ಸೀಳನ್ನು, ಅಂದರೆ ಸೈಪನ್ನು, ಎರಡು ಬೆರಳಿಂದ ಬಿಡಿಸಿ ಒಳಗೆ ನೋಡಬೇಕು. ಮೇಲಿಂದ ಅಂಕುಡೊಂಕು ಗೆರೆ ಮಾತ್ರ ಕಾಣುವ ಸೀಳು ಒಳಗೆ ಆಳದಲ್ಲೂ ಹಲ್ಲುಹಲ್ಲಾಗಿರುತ್ತದೆ. ಹಿಮದ ಮೇಲೆ ಉರುಳುವಾಗ ಸೀಳುಗಳು ಬಿಚ್ಚಿಕೊಂಡು ಅಂಚುಗಳು ಹಿಮವನ್ನು ಕಚ್ಚುತ್ತವೆ. ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಹಾಕಿದಾಗ ಬ್ಲಾಕು ಬಾಗುತ್ತದೆ, ಆಗ ಒಳಗಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಬ್ಲಾಕನ್ನು ಗಟ್ಟಿಯಾಗಿ ನಿಲ್ಲಿಸುತ್ತವೆ. ಪರ್ಫಾರ್ಮೆನ್ಸ್ ಟೈರ್‌ಗೆ ಕೊಡುವ ಹೆಚ್ಚಿನ ದುಡ್ಡಿನ ಒಂದು ಭಾಗ ಈ ಹಲ್ಲುಗಳಿಗೇ ಹೋಗುತ್ತದೆ ಅಂತ ನನ್ನ ಲೆಕ್ಕ.

ನಮ್ಮ ಮನೆಯಲ್ಲಿ ಎರಡೂ ಜಾತಿ ಇವೆ. ನನ್ನ ಸೆಡಾನ್‌ಗೆ ಪರ್ಫಾರ್ಮೆನ್ಸ್ ಟೈರ್. ನನ್ನ ಹೆಂಡತಿ ಹೋಗುವುದು ಗುಡ್ಡದ ಮೇಲಿನ ಊರಿಗೆ, ಅಲ್ಲಿ ರಸ್ತೆ ವಾರಗಟ್ಟಲೆ ಬೆಳ್ಳಗಿರುತ್ತದೆ, ಆದ್ದರಿಂದ ಅವಳ ಕಾರಿಗೆ ಉತ್ತರದ ಮೆತ್ತನೆಯ ಟೈರ್. ಅವಳ ಕಾರನ್ನು ಒಣ ಹೆದ್ದಾರಿಗೆ ತಂದು ಚುರುಕಾಗಿ ಲೇನ್ ಬದಲಿಸಿದರೆ ಸ್ಟೀರಿಂಗ್ ತಿರುಗಿದ ಮೇಲೆ ಅರೆಕ್ಷಣ ಬಿಟ್ಟು ಕಾರು ತಿರುಗುತ್ತದೆ. ಮೊದಲು ಟ್ರೆಡ್ ಬಾಗಬೇಕು, ಆಮೇಲೆ ಉಳಿದದ್ದು. ಬೇಸಿಗೆಯಂಥ ಬಿಸಿಲು ಬಿದ್ದ ದಿನವಂತೂ ಆ ಟೈರ್ ಕೈಗೆ ಸಿಗುವುದಿಲ್ಲ. ಕಂಪನಿಯ ಹೆಸರು ಬೇಡ, ಅದು ಆ ಜಾತಿಯ ಗುಣ.

ಅದೇ ಜಾತಿ ನಯವಾದ ಮಂಜುಗಡ್ಡೆಯ ಸಿಗ್ನಲ್‌ನಲ್ಲಿ ನನ್ನ ಕಾರಿನ ಮಾನ ಕಳೆಯುತ್ತದೆ. ಹಸಿರು ಬಿದ್ದಾಗ ಅವಳ ಕಾರು ಹೊರಟೇ ಹೋಗಿರುತ್ತದೆ, ನನ್ನದರಲ್ಲಿ ಚಕ್ರ ಜಾರುತ್ತಿದೆ ಅನ್ನುವ ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿಣುಕುತ್ತಿರುತ್ತದೆ. ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಮೈ ಕೊರೆಯುವ ಚಳಿಯಲ್ಲಲ್ಲ, ಸೊನ್ನೆಯ ಆಸುಪಾಸಿನಲ್ಲಿ, ಮೇಲೆ ತೆಳ್ಳಗೆ ನೀರಿನ ಪೊರೆ ಇರುವಾಗ. ಆ ಪೊರೆಯನ್ನು ತೆಗೆಯುವುದೇ ಈ ಟೈರ್‌ಗಳ ವಿದ್ಯೆ. 1988ರಲ್ಲಿ ಜಪಾನಿನಲ್ಲಿ ಬಂದ ಬ್ಲಿಝಾಕ್‌ನ ರಬ್ಬರಿನೊಳಗೆ ಸೂಕ್ಷ್ಮ ಗುಳ್ಳೆಗಳಿದ್ದವು, ನೀರು ಅವುಗಳೊಳಗೆ ಸರಿದುಕೊಳ್ಳಲಿ ಅಂತ. ಆ ಹೊತ್ತಿಗೆ ಅಲ್ಲಿ ಮೊಳೆ ಟೈರ್‌ಗಳು ರಸ್ತೆ ಕೆರೆದು ಎಬ್ಬಿಸುವ ಧೂಳು ದೊಡ್ಡ ತಲೆನೋವಾಗಿತ್ತು, 1990ರಲ್ಲಿ ಅವಕ್ಕೆ ಕಡಿವಾಣ ಹಾಕುವ ಕಾನೂನೇ ಬಂತು. ಮೊಳೆಯಿಲ್ಲದೆ ಮಂಜುಗಡ್ಡೆ ಹಿಡಿಯುವ ರಬ್ಬರಿಗೆ ಅದರಿಂದ ಒಳ್ಳೆಯ ಕಾಲ ಬಂತು. ಒಂದು ಎಚ್ಚರಿಕೆ: ಬ್ಲಿಝಾಕ್ ಅನ್ನುವ ಹೆಸರು ಈಗ ಎರಡೂ ಜಾತಿಗೆ ಇದೆ. ಎಲ್‌ಎಂ 005 ಹೆದ್ದಾರಿಯದು, ಡಬ್ಲ್ಯುಎಸ್ 90 ಮಂಜುಗಡ್ಡೆಯದು. ಹೆಸರು ಕೇಳಿ ತರಬೇಡಿ, ಅಕ್ಷರ ನೋಡಿ ತನ್ನಿ.

ಇನ್ನು ಪರ್ಫಾರ್ಮೆನ್ಸ್ ಗುಂಪಿನೊಳಗೇ ಹೋಲಿಸಿದರೆ, ಅಂತರ ಜನ ಹೇಳುವಷ್ಟಿಲ್ಲ. ಎಲ್‌ಎಂ 005ಗೆ ಯುರೋಪಿನ ಲೇಬಲ್‌ನಲ್ಲಿ, ಅಂದರೆ ಅಲ್ಲಿ ಟೈರ್ ಜೊತೆ ಬರುವ ದರ್ಜೆಯ ಚೀಟಿಯಲ್ಲಿ, ಒದ್ದೆ ರಸ್ತೆಗೆ ಎಲ್ಲಕ್ಕಿಂತ ಮೇಲಿನ 'ಎ' ದರ್ಜೆ. ಚಳಿಗಾಲದ ಟೈರ್‌ಗೆ ಅದು ಸಣ್ಣ ಮಾತಲ್ಲ. ಮಳೆಯೇ ಹೆಚ್ಚಿರುವ ಕಡೆ ನಾನು ಕಣ್ಣುಮುಚ್ಚಿ ಅದನ್ನು ಹೇಳುತ್ತೇನೆ. ವಿಂಟ್ರಾಕ್ ಪ್ರೊ ಕೆಲವು ಸೈಜ್‌ಗಳಲ್ಲಿ ವೈ ಗುರುತಿನವರೆಗೆ, ಅಂದರೆ 300 ಕಿ.ಮೀ.ವರೆಗೆ ಸಿಗುತ್ತದೆ, ಚಳಿಗಾಲದಲ್ಲಿ ಆ ವೇಗ ಯಾರಿಗೆ ಬೇಕೋ ಗೊತ್ತಿಲ್ಲ, ದೊಡ್ಡ ಎಂಜಿನ್ನಿನವರಿಗೆ ಕಾಗದಪತ್ರಕ್ಕಾದರೂ ಬೇಕಾಗುತ್ತದೆ. ಪೈಲಟ್ ಆಲ್ಪಿನ್ 5ರ ಕಾರಿನ ಟೈರ್ ಒಂದೇ ದಿಕ್ಕಿಗೆ ಉರುಳುವಂಥದ್ದು, ಆದ್ದರಿಂದ ಮುಂದಿನದನ್ನು ಹಿಂದಕ್ಕೆ ಹಾಕಬಹುದೇ ಹೊರತು ರಿಮ್‌ನಿಂದ ಬಿಚ್ಚದೆ ಎಡದ್ದನ್ನು ಬಲಕ್ಕೆ ಹಾಕುವಂತಿಲ್ಲ. ಟಿಎಸ್ 870 ಪಿಯಲ್ಲಿ ಒಳಬದಿ ಹೊರಬದಿ ಬೇರೆ ಬೇರೆ, ಆದರೆ ನಾಲ್ಕು ಮೂಲೆಗೂ ತಿರುಗಿಸಿ ಹಾಕಿಕೊಳ್ಳಬಹುದು. ನಾನು ಇವೆರಡನ್ನೂ ಓಡಿಸಿದ್ದೇನೆ. ಉದ್ದ ತಿರುವಿನಲ್ಲಿ ಮಿಶೆಲಿನ್‌ನ ಹಿಡಿತ ಬೇಸಿಗೆ ಟೈರ್ ಅನ್ನೇ ನೆನಪಿಸುತ್ತದೆ. ಅರ್ಧ ಕರಗಿದ ಹಿಮದ ರಾಡಿಯಲ್ಲಿ ಕಾಂಟಿನೆಂಟಲ್ ನನಗೆ ಹೆಚ್ಚು ಧೈರ್ಯ ಕೊಟ್ಟಿತು. ನನ್ನ ಮತ ಕಾಂಟಿನೆಂಟಲ್‌ಗೆ, ಅರ್ಧ ಕಾರಣ ಆ ತಿರುಗಿಸುವ ಅನುಕೂಲವೇ.

ಗುರುತುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹರಳು ಇದ್ದರೆ ಅದು ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರ್. ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಅಂತಿದ್ದರೆ ಅದು ತಯಾರಕರು ತಾವೇ ಹೇಳಿಕೊಂಡದ್ದು, ಅದಕ್ಕೆ ಪರೀಕ್ಷೆಯ ಕಡ್ಡಾಯ ಇಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಬರೀ ಎಂ+ಎಸ್ ಅನ್ನು ಚಳಿಗಾಲದ ಟೈರ್ ಅಂತ ಒಪ್ಪುವುದಿಲ್ಲ. 2021ರ ಮೇ ತಿಂಗಳಿಂದ ಯುರೋಪಿನ ಲೇಬಲ್‌ನಲ್ಲಿ ಮಂಜುಗಡ್ಡೆಗೆ ಬೇರೆಯೇ ಚಿತ್ರ ಬಂದಿದೆ. ಎರಡು ಜಾತಿಯನ್ನು ಬೇರ್ಪಡಿಸಲು ಅಂಗಡಿಯವರ ಮಾತಿಗಿಂತ ಆ ಚಿತ್ರವೇ ವಾಸಿ: ಮಂಜುಗಡ್ಡೆಯ ಚಿತ್ರ ಇದ್ದು ಒದ್ದೆ ರಸ್ತೆಯ ದರ್ಜೆ ಕೆಳಗಿದ್ದರೆ ಅದು ಉತ್ತರದ್ದು ಅಂತ ಬಹುತೇಕ ತಿಳಿದುಕೊಳ್ಳಬಹುದು.

ಸೈಜ್ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಬೇಸಿಗೆಗೆ 18 ಇಂಚಿನ ರಿಮ್ ಇದ್ದರೆ ಚಳಿಗಾಲಕ್ಕೆ 17 ಹಾಕಿ, ಟೈರ್ ಸ್ವಲ್ಪ ಅಗಲ ಕಡಿಮೆ ಇರಲಿ. ಕಡಿಮೆ ಅಗಲದ ಟೈರ್ ಹಿಮವನ್ನು ಸೀಳಿಕೊಂಡು ಇಳಿಯುತ್ತದೆ, ಹಿಮದಡಿ ಅಡಗಿದ ಗುಂಡಿಗೆ ಬಿದ್ದಾಗ ಎತ್ತರದ ಪಕ್ಕದ ಗೋಡೆ ರಿಮ್ಮನ್ನು ಕಾಯುತ್ತದೆ, ಬೆಲೆಯೂ ಇಳಿಯುತ್ತದೆ. ಬ್ರೇಕ್ ಕ್ಯಾಲಿಪರ್‌ಗೆ, ಅಂದರೆ ಚಕ್ರದೊಳಗೆ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗಕ್ಕೆ, ರಿಮ್ ತಾಗುವುದಿಲ್ಲವೇ, ಟೈರ್ ಹೊರಬಲ್ಲ ಭಾರದ ಅಂಕಿ ಕಾರಿನ ಪುಸ್ತಕದಲ್ಲಿರುವುದಕ್ಕಿಂತ ಕಡಿಮೆಯಿಲ್ಲವೇ ಅಂತ ನೋಡಿಕೊಂಡರೆ ಸಾಕು. ತಾಪಮಾನ ಹತ್ತು ಡಿಗ್ರಿ ಇಳಿದರೆ ಗಾಳಿಯ ಒತ್ತಡವೂ ಸುಮಾರು 0.1 ಬಾರ್ ಇಳಿಯುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಗಾಳಿ ಹಿಡಿಸಿಕೊಂಡು ಹೊರಗೆ ಬಂದವರ ಸ್ಟೀರಿಂಗ್ ಮಂಕಾದರೆ ಟೈರ್‌ನ ಕಂಪನಿಯನ್ನು ಬಯ್ಯುವ ಮೊದಲು ಗೇಜ್ ಹಿಡಿದು ನೋಡಲಿ.

ಹೊಸ ಟೈರ್‌ನ ಟ್ರೆಡ್ ಸಾಮಾನ್ಯವಾಗಿ ಎಂಟು ಮಿಲಿಮೀಟರ್ ಆಸುಪಾಸು ಇರುತ್ತದೆ. ಯುರೋಪಿನ ಬಹುತೇಕ ಕಡೆ ಕಾನೂನಿನ ಮಿತಿ 1.6, ಆದರೆ ಅಷ್ಟಕ್ಕೆ ಇಳಿದ ಟೈರ್ ಹಿಮದಲ್ಲಿ ಏನೂ ಮಾಡುವುದಿಲ್ಲ. ಆಸ್ಟ್ರಿಯಾದಲ್ಲಿ ನಾಲ್ಕಕ್ಕಿಂತ ಕೆಳಗಾದರೆ ಅದನ್ನು ಚಳಿಗಾಲದ ಟೈರ್ ಅಂತಲೇ ಪರಿಗಣಿಸುವುದಿಲ್ಲ. ಅಂದಹಾಗೆ, ಗಾಡಿ ನಿಲ್ಲಿಸಿ ಟ್ರೆಡ್‌ನ ಸಂದಿಯಲ್ಲಿ ಸಿಕ್ಕ ಹಿಮವನ್ನು ಕಡ್ಡಿಯಿಂದ ಕೀಳುವವರನ್ನು ನೋಡಿದ್ದೇನೆ. ಆ ಹಿಮವೇ ಕೆಲಸ ಮಾಡುವುದು. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ.

ಕೊನೆಗೆ, ಎರಡೇ ಎರಡು ಟೈರ್ ತೆಗೆದುಕೊಂಡು ಎಂಜಿನ್ ಎಳೆಯುವ ಮುಂದಿನ ಚಕ್ರಕ್ಕೆ ಹಾಕಿಸಿ ದುಡ್ಡು ಉಳಿಸಿ ಅನ್ನುವ ಸಲಹೆ ಒಂದು ಅಂಗಡಿಯಲ್ಲಿ ನನಗೂ ಸಿಕ್ಕಿತ್ತು. ಬೇಡ. ಹಾಗೆ ಮಾಡಿದರೆ ಮುಂಭಾಗ ರಸ್ತೆ ಹಿಡಿಯುತ್ತದೆ, ಬೇಸಿಗೆ ಟೈರ್ ಇರುವ ಹಿಂಭಾಗ ಹಿಡಿಯುವುದಿಲ್ಲ, ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಮುಟ್ಟಿದ ಕೂಡಲೇ ಡಿಕ್ಕಿ ಇರುವ ಕಡೆಯೇ ಮುಂದಕ್ಕೆ ಬರಲು ನೋಡುತ್ತದೆ. ದುಡ್ಡು ಕಡಿಮೆ ಇದ್ದರೆ ಒಂದು ಮೆಟ್ಟಿಲು ಕೆಳಗಿನ ಕಂಪನಿಯದನ್ನು, ಒಂದಿಂಚು ಚಿಕ್ಕ ರಿಮ್‌ಗೆ, ನಾಲ್ಕೂ ತೆಗೆದುಕೊಳ್ಳಿ.